ಇಪ್ಪತ್ತು ನಲ್ಲಿಯ ಭಾವ

ನಮ್ಮ ಭಾವ ಪುಟ್ಟಸ್ವಾಮಿಯವರು ಬದುಕಿದ್ದಷ್ಟು ಕಾಲ ನಾನು ಕೇಳಿದ ಸಾಮಾನನ್ನು ಒಂದು ಸಲವೂ ತಂದುಕೊಟ್ಟವರಲ್ಲ. ಹಾಗೆಂದು ಬರಿಗೈಯಲ್ಲಿ ಬಂದವರೂ ಅಲ್ಲ. ಕೊಬ್ಬರಿ ಎಣ್ಣೆ ಕೇಳಿದರೆ ನೇಂದ್ರ ಬಾಳೆಯ ಚಿಪ್ಸು ಬರುತ್ತಿತ್ತು. ಕೊಡೆ ಕೇಳಿದರೆ ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು. ಯಾರೂ ಏನನ್ನೂ ಕೇಳದ ಒಂದು ದಿನ ಮೊರದಗಲದ ಗೋಡೆ ಗಡಿಯಾರವೊಂದು ಗಾಡಿಯಿಂದ ಇಳಿಯಿತು. ಗೋಡೆಗೆ ಹಾಕಿದ ದಿನದಿಂದಲೂ ಅದು ಮುಂದೆ ಮುಂದೆ ಓಡುತ್ತಿತ್ತು. "ಮುಂದ್ಕೋಡುದ್ರೆ ಒಳ್ಳೇದೇ ಕಣವ್ವಾ, ಯಾವತ್ತೂ ಗೇಟ್ ತಪ್ಪಕ್ಕಿಲ್ಲ" ಎಂದು ಅದಕ್ಕೂ ಒಂದು ಸಮಜಾಯಿಷಿ ಕೊಟ್ಟಿದ್ದರು.

ಭಾವ ಎಂದರೆ ನನ್ನ ಗಂಡನ ಅಣ್ಣ. ನಮ್ಮ ಅಂತರಸಂತೆಯಿಂದ ಬಾವಲಿ ಗೇಟು ದಾಟಿ ಕೇರಳದ ಮಾನಂದವಾಡಿಗೆ ತರಕಾರಿ ಸಾಗಿಸುವ ಪಿಕಪ್ ಗಾಡಿ ಅವರದು. ಬೆಳಿಗ್ಗೆ ಹುರುಳಿಕಾಯಿ, ಕೋಸು ತುಂಬಿಕೊಂಡು ಹೋದರೆ ಸಂಜೆ ಆರಕ್ಕೆ ಗೇಟು ಮುಚ್ಚುವುದರೊಳಗೆ ಅದನ್ನು ದಾಟಿ ಬರಬೇಕು. ತಪ್ಪಿದರೆ ಕಾಡಿನಾಚೆಯೇ ರಾತ್ರಿ. ಕುಳ್ಳಗಿನ ಆಳು, ಹೆಗಲ ಮೇಲೆ ಸದಾ ಒಂದು ಕೆಂಪು ಟವೆಲು. ಮದುವೆ ಮಾಡಿಕೊಳ್ಳಲಿಲ್ಲ, ಕೇಳಿದವರಿಗೆ "ಗಾಡಿಗ್ಯಾಕ್ಲಾ ಸವತಿ?" ಎಂದು ನಗುತ್ತಿದ್ದರು. ಅವರಿಗೆ ಒಂದೇ ಒಂದು ಸಿದ್ಧಾಂತವಿತ್ತು. ಹೋದ ಗಾಡಿ ಖಾಲಿ ಬರಬಾರದು.

"ಖಾಲಿ ಗಾಡಿ ಖಾಲಿ ಕೊಡ ಇದ್ದಂಗೆ ಕಣವ್ವಾ. ದಾರಿಯುದ್ದಕ್ಕೂ ಬರೀ ಸದ್ದು."

ಹಾಗಾಗಿ ಏನಾದರೊಂದನ್ನು ತುಂಬಿಕೊಂಡೇ ಬರುತ್ತಿದ್ದರು. ಗಾಡಿಯ ಹಾರನ್ ಬೀದಿ ತಿರುವಿನಲ್ಲಿ ಕೇಳಿದೊಡನೆ ನಮ್ಮತ್ತೆ ಕೂತಲ್ಲಿಂದಲೇ ಕೂಗುತ್ತಿದ್ದರು: "ಏನ್ಲಾ ತಂದೆ ಇವತ್ತು?" ಅದು ನಮ್ಮ ಮನೆಯ ಸಂಜೆಯ ಗಂಟೆ. ತಂದದ್ದನ್ನು ಭಾವ ಮೊದಲು ತಾಯಿಯ ಮಡಿಲಿಗೆ ಹಾಕುತ್ತಿದ್ದರು. ಮಡಿಲಿಗೆ ಹಿಡಿಸದ ಸಾಮಾನಾದರೆ ಮುಟ್ಟಿಸಿ ಒಳಗಿಡುತ್ತಿದ್ದರು. ಅತ್ತೆಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಮನೆಯೊಳಗೆ ಅದಕ್ಕೆಲ್ಲ ಜಾಗ ಹುಡುಕುವ ಕರ್ಮ ನನ್ನದು.

ನಾವು ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತಿದ್ದ ವರ್ಷ ಅತ್ತೆ ಬೀದಿಯ ತೊಂಬೆ ಹತ್ತಿರ ಜಾರಿ ಬಿದ್ದರು. ತೊಂಬೆ ಎಂದರೆ ಊರಿಗೆಲ್ಲ ನೀರು ಕೊಡುವ ಸಿಮೆಂಟ್ ತೊಟ್ಟಿ. ಅದರ ಸುತ್ತ ಯಾವಾಗಲೂ ಪಾಚಿ. ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಗಿ ವಾಪಸು ಬಂದರು. ಆಗ ನಾವಿದ್ದದ್ದು ಹೊಸ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಕಕ್ಕಸು ಹಿತ್ತಲಿನ ಆ ತುದಿಯಲ್ಲಿ. ಎದ್ದು ಹೋಗಬೇಕೆಂದರೆ ಇಬ್ಬರು ಹಿಡಿಯಬೇಕು. ನಾನು ಬೆಳಿಗ್ಗೆ ಅಂಗನವಾಡಿಗೆ ಹೋಗುತ್ತಿದ್ದೆ, ನಮ್ಮ ಯಜಮಾನರು ಹೊಲಕ್ಕೆ. ಯಾರಿಗೂ ತೊಂದರೆ ಕೊಡಬಾರದೆಂದು ಅತ್ತೆ ಒಂದು ಉಪಾಯ ಕಂಡುಕೊಂಡರು. ನೀರು ಕುಡಿಯುವುದನ್ನೇ ನಿಲ್ಲಿಸಿದರು. ಇಟ್ಟು ಹೋದ ಚೊಂಬು ಮಧ್ಯಾಹ್ನ ಹಾಗೇ ಇರುತ್ತಿತ್ತು. ತುಟಿ ಒಡೆದಿತ್ತು. ಉರಿಮೂತ್ರವೆಂದು ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ನಮ್ಮನ್ನೇ ಬೈದರು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಕಿಡ್ನಿ ಉಳಿಯುವುದಿಲ್ಲ ಎಂದರು.

ಹೊಸ ಮನೆಯಲ್ಲಿ ಅತ್ತೆಯ ಕೋಣೆಗೆ ಅಂಟಿದಂತೆ ಕಕ್ಕಸು, ಬಚ್ಚಲು ಕಟ್ಟಿಸಿದ್ದೆವು. ಗೋಡೆ ಆಗಿತ್ತು, ನೆಲ ಆಗಿತ್ತು, ಮೇಲೆ ಟ್ಯಾಂಕೂ ಕೂತಿತ್ತು. ಪೈಪು ಎಳೆದು ನಲ್ಲಿ ಕೂರಿಸಿದರೆ ಮುಗಿಯಿತು, ಅತ್ತೆ ಒಳಗೆ ಬರಬಹುದು. ಪ್ಲಂಬರ್ ಮಾದೇವನೂ ಅಪರೂಪಕ್ಕೆ ಕೈಗೆ ಸಿಕ್ಕಿದ್ದ. ಕೋಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದೇ ದಿನದಲ್ಲಿ ಎಲ್ಲ ತಂದುಬಿಡೋಣ ಎಂದೆ. ಅಷ್ಟಕ್ಕೇ ಭಾವ ಟವೆಲು ಕೊಡವಿ ಎದ್ದು ನಿಂತರು.

"ಕೋಟೆ ಮಾಲಾ? ಅದು ವರ್ಸಕ್ಕೇ ಸೋರ್ತದೆ ಕಣವ್ವಾ. ಆಚೆ ನಮ್ ಕಾಕನ್ ಅಂಗ್ಡಿ ಅದೆ. ವರ್ಸದಲ್ಲಿ ಆರು ತಿಂಗ್ಳು ಮಳೆ ಉಯ್ಯೋ ಊರು ಅದು. ನೀರಿನ್ ಸಾಮಾನು ಅವ್ರಿಗ್ ಗೊತ್ತಿಲ್ದೆ ಇನ್ಯಾರ್ಗೆ ಗೊತ್ತಾಯ್ತದೆ?"

"ಭಾವಾ, ಮಳೆ ಬೇರೆ, ಪೈಪ್ ಬೇರೆ. ಒಂದು ಬೆಂಡ್ ಕಮ್ಮಿ ಬಿದ್ರೂ ಗಡಿ ದಾಟ್ಬೇಕಾ?"

"ನಾನಿಲ್ವಾ? ದಿನಾ ದಾಟ್ತೀನಿ. ನನ್ ಮಲಯಾಳಂ ಕೇಳುದ್ರೆ ಅಲ್ಲಿಯವ್ರೇ ಬೆಪ್ಪಾಯ್ತಾರೆ."

ಅದೇನೋ ನಿಜ, ಆಮೇಲೆ ಗೊತ್ತಾಯಿತು. ನಮ್ಮ ಯಜಮಾನರ ಮುಖ ನೋಡಿದೆ. ಅಣ್ಣನ ಮುಂದೆ ಬಾಯಿ ತೆರೆಯದ ಮನುಷ್ಯ ಅವರು, ಛಾವಣಿಯ ಕಡೆ ನೋಡುತ್ತಿದ್ದರು.

ಆಮೇಲೆ ಶುರುವಾಯಿತು ಕಾಯುವುದು. ಕಾಕ ಎಂದರೆ ಆ ಕಡೆ ಮುಸ್ಲಿಂ ಹಿರಿಯರನ್ನು ಕರೆಯುವ ಮಾತು. ಒಂದು ದಿನ ಅವನ ಅಂಗಡಿ ಬಾಗಿಲು ಹಾಕಿತ್ತು; ಶುಕ್ರವಾರದ ನಮಾಜು. ಇನ್ನೊಂದು ದಿನ ಅಲ್ಲಿ ಹರತಾಳ. ಮತ್ತೊಂದು ದಿನ ರಸ್ತೆಯಲ್ಲಿ ಆನೆ ನಿಂತು ಗೇಟಿಗೆ ಹೊತ್ತಾಯಿತೆಂದು ಅಂಗಡಿಗೆ ಹೋಗಲೇ ಇಲ್ಲ. ಆದರೆ ಆ ದಿನವೂ ಗಾಡಿ ಖಾಲಿ ಬಂದಿರಲಿಲ್ಲ, ಎರಡು ಗೊನೆ ಬಾಳೆಹಣ್ಣು ಬಂದಿತ್ತು. ನನಗೆ ಬಾಳೆಹಣ್ಣು ಕಂಡರೆ ಮೈ ಉರಿಯುವಂತಾಯಿತು. ಮಾದೇವ ದಿನಾ ಫೋನು ಮಾಡಿ "ಮಾಲ್ ಬಂತೇನಕ್ಕಾ?" ಎನ್ನುತ್ತಿದ್ದವನು, ಬೇಸತ್ತು ಹುಣಸೂರಿನ ಕಡೆ ದೊಡ್ಡ ಕೆಲಸವೊಂದನ್ನು ಹಿಡಿದುಬಿಟ್ಟ. ಶೆಡ್ಡಿನಲ್ಲಿ ಚೊಂಬು ತುಂಬಿದಂತೆಯೇ ಇರುತ್ತಿತ್ತು.

ಕೊನೆಗೊಂದು ಸಂಜೆ ಹಾರನ್ ಎಂದಿಗಿಂತ ಉದ್ದವಾಗಿ ಕೂಗಿತು. ಗಾಡಿಯ ಹಿಂದೆ ಒಂದೇ ಒಂದು ರಟ್ಟಿನ ಪೆಟ್ಟಿಗೆ. ತಾಯಿಗೆ ಮುಟ್ಟಿಸಿ ನನ್ನ ಮುಂದೆ ಇಟ್ಟರು.

"ಪೈಪ್ ಎಲ್ಲಿ ಭಾವಾ?"

"ಇದ್ರೊಳ್ಗೇ."

"ಪೆಟ್ಟಿಗೆಯೊಳಗೆ ಪೈಪ್ ಹೆಂಗೆ ಹಿಡಿಸ್ತದೆ?"

ಭಾವ ಒಂದು ಗಳಿಗೆ ಯೋಚಿಸಿದರು. "ಮಡ್ಚೋ ಪೈಪ್ ಇರ್ಬೇಕು. ಆಚೆಯವ್ರು ಏನ್ ಬೇಕಾದ್ರೂ ಮಾಡ್ತಾರೆ ಕಣವ್ವಾ."

ತೆರೆದರೆ ನಲ್ಲಿಗಳು. ಹಿತ್ತಾಳೆಯ ದಪ್ಪ ನಲ್ಲಿಗಳು, ಫಳಫಳ ಹೊಳೆಯುತ್ತಿದ್ದವು. ಇಪ್ಪತ್ತು.

ಆದದ್ದಿಷ್ಟು. ಅವತ್ತೂ ಹೊತ್ತಾಗಿದೆಯೆಂದು ಭಾವ ಅಂಗಡಿಗೆ ಹೋಗದೆ, ತರಕಾರಿ ಮಂಡಿಯಿಂದಲೇ ಕಾಕನಿಗೆ ಫೋನು ಮಾಡಿ "ನಲ್ಲಿ ಪೈಪು, ಇಪ್ಪತ್ತು" ಎಂದಿದ್ದರು. ನಲ್ಲಿಗೆ ನೀರು ತರುವ ಪೈಪು, ಉದ್ದನೆಯವು ಇಪ್ಪತ್ತು ಎಂದು ಅವರ ಲೆಕ್ಕ. ಆದರೆ ಆಚೆಯ ಮಾತಿನಲ್ಲಿ ಪೈಪ್ ಅಂದರೇ ನಲ್ಲಿ. ನಲ್ಲ ಅಂದರೆ ಒಳ್ಳೆಯದು. ಕಾಕನ ಕಿವಿಗೆ ಬಿದ್ದದ್ದು 'ನಲ್ಲ ಪೈಪ್ ಇಪ್ಪತ್ತು'. ಪಾಪ, ಇದ್ದುದರಲ್ಲಿ ಅತಿ ಒಳ್ಳೆಯ ಇಪ್ಪತ್ತು ನಲ್ಲಿಗಳನ್ನು ಹುಡುಗರ ಕೈಲಿ ಕಳಿಸಿದ್ದ. ಗೇಟಿನ ಅವಸರದಲ್ಲಿ ಭಾವ ಬಿಚ್ಚಿ ನೋಡದೆ ಟಾರ್ಪಾಲು ಬಿಗಿದು ಬಂದಿದ್ದರು. ತರಕಾರಿ ಹೆಸರು ಬಿಟ್ಟರೆ ಅವರಿಗೆ ಮಲಯಾಳಂ ಬರುತ್ತಿರಲಿಲ್ಲ ಎಂಬುದು ಅವತ್ತು ಬಯಲಾಯಿತು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ನೀರಿಲ್ಲದ ಮನೆಗೆ ಇಪ್ಪತ್ತು ನಲ್ಲಿ!

"ನಾಳೇನೇ ವಾಪಸ್ ಕೊಟ್ಟು ಪೈಪ್ ತನ್ನಿ" ಎಂದೆ. ಮಾರನೆಯ ದಿನ ಪೆಟ್ಟಿಗೆ ಗಾಡಿಯಲ್ಲಿ ಹೋಯಿತು, ಗಾಡಿಯಲ್ಲೇ ಬಂತು. "ಕಾಕ ವಾಪಸ್ ತಕಳಕ್ಕಿಲ್ಲ ಅಂದ ಕಣವ್ವಾ. ಅವ್ರ್ ಅಂಗ್ಡಿ ರೂಲ್ಸು." ಆ ಕಾಣದ ಕಾಕನಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ನಮ್ಮ ಯಜಮಾನರು ಮೊದಲ ಬಾರಿಗೆ ಅಣ್ಣನನ್ನು ಕೇಳದೆ ಎದ್ದುಹೋಗಿ ಕೋಟೆಯಿಂದ ಪೈಪು ತಂದರು. ಹುಣಸೂರಿನಿಂದ ಮಾದೇವನನ್ನು ಕಾಡಿ ಬೇಡಿ ಕರೆತಂದದ್ದಾಯಿತು.

ಭಾವ ಸೋಲುವ ಪೈಕಿಯಲ್ಲ. ಬಂದ ನಲ್ಲಿ ಒಂದೂ ಪೆಟ್ಟಿಗೆಯಲ್ಲಿ ಉಳಿಯಬಾರದೆಂದು ಪಟ್ಟು ಹಿಡಿದರು. ಮಾದೇವನ ಹಿಂದೆ ನಿಂತು "ಇಲ್ಲೊಂದು ಮಡುಗ್ಲಾ, ಅಲ್ಲೊಂದು ಮಡುಗ್ಲಾ" ಎಂದು ಗೋಡೆ ತೋರಿಸಿದರು. ಬಚ್ಚಲಿನಲ್ಲಿ ನಿಂತರೆ ಒಂದು, ಸ್ಟೂಲಿನ ಮೇಲೆ ಕೂತರೆ ಒಂದು, ನೆಲದಲ್ಲಿ ಕೂತರೆ ಒಂದು. ಕೊಟ್ಟಿಗೆಗೆ, ಬಟ್ಟೆ ಒಗೆಯುವ ಕಲ್ಲಿಗೆ, ಕಾಲು ತೊಳೆಯುವ ಜಗಲಿಗೆ, ತುಳಸಿಗೆ. ಕರಿಬೇವಿನ ಗಿಡಕ್ಕೂ ಒಂದು. ಬೀದಿಯವರು ನೋಡಿ ನಗುತ್ತಿದ್ದರು. ಕೊನೆಗೆ ಒಂದು ಉಳಿಯಿತು. ಅದನ್ನು ಅತ್ತೆಯ ಮಂಚದ ಪಕ್ಕ, ಮಲಗಿದಲ್ಲೇ ಕೈಗೆಟುಕುವ ಹಾಗೆ ಇಡಿಸಲು ಹೊರಟಾಗ ನಾನು ತಡೆಯಲಾರದೆ ಕಿರುಚಿದೆ.

"ಮಲಗೋ ಕೋಣೇಲಿ ಯಾರಾದ್ರೂ ನಲ್ಲಿ ಹಾಕಿಸ್ತಾರಾ? ನೆಲ ಎಲ್ಲಾ ಒದ್ದೆಯಾದ್ರೆ ಮತ್ತೆ ಜಾರಲ್ವಾ?"

ಭಾವ ಆ ದಿನ ತಮಾಷೆ ಮಾಡಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು. "ಕೆಳ್ಗೆ ಕಲ್ಲಿನ್ ಬಾನಿ ಮಡುಗ್ತೀನಿ, ಒಂದ್ ಹನಿ ಆಚೆ ಬರಾಕಿಲ್ಲ. ಅವ್ವ ನೀರ್ ಕೇಳಾದೇ ಬುಟ್ಬುಟ್ಟವ್ಳೆ ಕಣವ್ವಾ. ಕೇಳಾದ್ ಬ್ಯಾಡ. ತಿರುಗ್ಸಿ ಕುಡೀಲಿ."

ಅತ್ತೆ ಒಳಗೆ ಬಂದರು. ಬಚ್ಚಲಿಗೆ ಗೋಡೆ ಹಿಡಿದು ತಾವೇ ನಡೆದು ಹೋಗುತ್ತಿದ್ದರು. ಮಂಚದ ಪಕ್ಕದ ನಲ್ಲಿಯನ್ನು ಮೊದಲು ಒಂದೆರಡು ದಿನ ಬರೀ ಮುಟ್ಟಿ ನೋಡಿದರು. ಆಮೇಲೆ ನಾನು ಅಂಗನವಾಡಿಯಿಂದ ಬರುವಷ್ಟರಲ್ಲಿ ಲೋಟ ಒದ್ದೆಯಾಗಿರುತ್ತಿತ್ತು. ಬೇಸಿಗೆ ಕಳೆಯಿತು, ತುಟಿ ವಾಸಿಯಾಯಿತು. ಭಾವ ಮಾತ್ರ ಸಿಕ್ಕವರಿಗೆಲ್ಲ, "ಆಚೆ ಮಾಲು, ನೋಡು ಎಂಗದೆ" ಎಂದು ಹೇಳಿಕೊಂಡು ತಿರುಗಿದರು. ಈಚೆಯ ಪೈಪಿನ ವಿಷಯ ಎತ್ತಲೇ ಇಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಮುಂಚೆ ಭಾವ ಹೋದರು. ಬೆಳಿಗ್ಗೆ ಹುರುಳಿಕಾಯಿ ಮೂಟೆ ಗಾಡಿಗೆ ಹಾಕುವಾಗ "ಏನಾದ್ರೂ ತರ್ಬೇಕೇನವ್ವಾ?" ಎಂದು ಕೇಳಿದರು. ಕೇಳಿ ಏನು ಪ್ರಯೋಜನ ಎಂದು ನಾನು "ಏನೂ ಬೇಡ ಭಾವಾ" ಎಂದೆ. ನಕ್ಕರು. ಗಾಡಿಯ ಬಾಗಿಲು ಹಿಡಿದು ಹಾಗೇ ಕುಸಿದು ಕೂತರು. ಎದೆನೋವು. ಕೋಟೆ ತಲುಪಲಿಲ್ಲ.

ಆ ದಿನದಿಂದ ಅತ್ತೆ ಸಂಜೆ ಕೂಗುವುದನ್ನು ಬಿಟ್ಟರು. ಈ ವರ್ಷ ಅವರ ಮಂಚದ ಪಕ್ಕದ ನಲ್ಲಿ ಸೋರತೊಡಗಿತು. ಹೌದು, ಆಚೆಯ ಮಾಲೇ. ಮಾದೇವ ಬಂದು ಬಿಚ್ಚಿ, ಒಳಗಿನ ವಾಷರ್ ಹೋಗಿದೆ, ಉಳಿದ ನಲ್ಲಿಗಳವೂ ಸವೆದಿವೆ, ಈ ಕಂಪನಿಯದು ಕೋಟೆಯಲ್ಲಿ ಸಿಗುವುದಿಲ್ಲ ಎಂದು ಆ ನಲ್ಲಿಯನ್ನು ಬಂದ್ ಮಾಡಿದ. ಬೇರೆ ನಲ್ಲಿ ಹಾಕುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. ಕೈಯನ್ನು ಅದರ ಮೇಲೆ ಇಟ್ಟುಕೊಂಡು ಆಚೆ ತಿರುಗಿ ಮಲಗಿದರು. ಮಾರನೆಯ ಮಧ್ಯಾಹ್ನ ಬಂದು ನೋಡಿದರೆ ಚೊಂಬು ತುಂಬಿದಂತೆಯೇ ಇತ್ತು.

ಒಂದು ವಾಷರಿಗಾಗಿ ರಜೆ ಹಾಕಿ ಮಾನಂದವಾಡಿ ಬಸ್ಸು ಹತ್ತಿದೆ. ಕಾಡು ಮುಗಿಯುವವರೆಗೂ ಭಾವನನ್ನು ಬೈದುಕೊಂಡೇ ಹೋದೆ. ಕಾಕನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಿಳಿ ಗಡ್ಡದ ಮುದುಕರು "ಎಂದಾ ವೇಂಡೇ?" ಎಂದರು, ಏನು ಬೇಕು ಎಂದು. ನಾನು ಹಳೆಯ ವಾಷರ್ ತೋರಿಸಿ, ಅಂತರಸಂತೆ, ಪುಟ್ಟಸ್ವಾಮಿ, ತರಕಾರಿ ಗಾಡಿ ಎಂದೆ. ಅವರ ಮುಖ ಅರಳಿತು. ಮಲಯಾಳಂ ಬೆರೆಸಿದ ಮುರುಕು ಕನ್ನಡದಲ್ಲಿ ಶುರುಮಾಡಿದರು.

"ಓ, ಪುಟ್ಟಸ್ವಾಮಿ ಮನೆ! ವಲಿಯ ವೀಡು! ದೊಡ್ಡ ಮನೆ ಅಲ್ಲೇ? ಇಪ್ಪತ್ತು ಪೈಪಿನ ಮನೆ. ಮಾರ್ನೇ ದಿನ ಬಂದಾಗ್ಲೇ ನಾನ್ ಹೇಳ್ದೆ, ಜಾಸ್ತಿ ಆದ್ರೆ ವಾಪಸ್ ಕೊಡಿ ಅಂತ. ವೇಂಡಾ ವೇಂಡಾ, ಬೇಡ, ತಮ್ಮನ ಮನೇಲಿ ಬಾತ್‌ರೂಮೇ ಆರು ಉಂಟು ಅಂದ್ರು."

ವಾಪಸು ಕೊಡಿ ಅಂದಿದ್ದರಂತೆ! ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನಾನಾದೆ. ಮಲಯಾಳಂ ಬರುವುದಿಲ್ಲವೆಂದು ಕಾಕನ ಮುಂದೆ ಒಪ್ಪಿಕೊಳ್ಳಲಾರದೆ, ಈ ಮನುಷ್ಯ ನಮಗೆ ಗಡಿಯಾಚೆ ಒಂದು ಅರಮನೆಯನ್ನೇ ಕಟ್ಟಿಸಿಬಿಟ್ಟಿದ್ದರು.

"ಆಳ್ ಎವಿಡೆ? ಎಲ್ಲಿ? ಕಂಡೇ ಇಲ್ಲ" ಎಂದರು ಕಾಕ.

"ಹೋಗ್ಬಿಟ್ರು ಕಾಕಾ."

"ಬೇರೆ ರೂಟಾ?"

ನನ್ನ ಕನ್ನಡ ಅವರಿಗೆ ಅರ್ಥವಾಗಿರಲಿಲ್ಲ. ಕೈಯನ್ನು ಮೇಲಕ್ಕೆ ತೋರಿಸಿದೆ. ಕಾಕ ಟೋಪಿ ಸರಿಮಾಡಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಹಿಡಿ ವಾಷರ್ ತಂದು ನನ್ನ ಕೈಗೆ ಸುರಿದರು. ದುಡ್ಡು ಮುಟ್ಟಲಿಲ್ಲ.

"ಎಲ್ಲಾ ಪೈಪಿಗೂ ಆಯ್ತದೆ. ದೊಡ್ಡ ಮನೆ ಅಲ್ಲೇ?"

"ಹೌದು ಕಾಕಾ," ಎಂದೆ, "ದೊಡ್ಡ ಮನೆ."

ಮನೆಗೆ ಬಂದಾಗ ಸಂಜೆಯಾಗಿತ್ತು. ಚಪ್ಪಲಿ ಬಿಡುವ ಸದ್ದಿಗೇ ಒಳಗಿನಿಂದ ಅತ್ತೆಯ ದನಿ ಬಂತು. "ಏನವ್ವಾ ತಂದೆ?"

ಒಂದು ವರ್ಷದ ಮೇಲೆ ಕೇಳಿದ ಮಾತು ಅದು. ಹೋಗಿ ವಾಷರುಗಳನ್ನು ಅವರ ಮಡಿಲಿಗೆ ಸುರಿದೆ. "ಕೇಳಿದ್ದು ಒಂದು ಅತ್ತೆ, ಬಂದಿದ್ದು ಇಷ್ಟು." ಅತ್ತೆ ಅವನ್ನು ಬೆರಳಲ್ಲಿ ಕೆದಕಿ ನೋಡಿದರು. "ನೀನೂ ಅವ್ನಂಗೇ ಆದೆ ಬುಡು" ಎಂದರು.

ಮಾದೇವ ಎಂದಿನಂತೆ ಫೋನು ಎತ್ತಲಿಲ್ಲ. ಅವನು ಬಿಚ್ಚಿದ್ದನ್ನು ನೋಡಿದ್ದೆನಲ್ಲ, ನಾನೇ ನಲ್ಲಿ ಬಿಚ್ಚಿ ಹೊಸ ವಾಷರ್ ಕೂರಿಸಿದೆ. ಅಡುಗೆಮನೆಗೆ ಹೋಗಿ ಒಲೆ ಹಚ್ಚುವಷ್ಟರಲ್ಲಿ ಕೋಣೆಯಿಂದ ಲೋಟಕ್ಕೆ ನೀರು ಬೀಳುವ ಸದ್ದು ಬಂತು. ಬಗ್ಗಿ ನೋಡಿದೆ. ಅತ್ತೆ ಲೋಟ ಎತ್ತಿ ಕುಡಿಯುತ್ತಿದ್ದರು. ಯಾರನ್ನೂ ಕೇಳಿರಲಿಲ್ಲ.