ಇಬ್ಬರ ನಡುವೆ ತೂಗಿದ ಪದವಿ

ಇಂದು ಮಧ್ಯಾಹ್ನ ಮ್ಯಾನ್‌ಹೈಮಿನ ಟ್ರಾಮಿನಲ್ಲಿ ಪಕ್ಕಕ್ಕೆ ಬಂದು ಕುಳಿತ ವೃದ್ಧೆಯಿಂದ ಕರ್ಪೂರದ ಮುಲಾಮಿನ ವಾಸನೆ ಬಂತು. ನೀವಾಗಿದ್ದರೆ ಮಂಗಳಾರತಿಯನ್ನು ನೆನೆದು ಅರಿವಿಲ್ಲದೆ ಕೈ ಮುಂದೆ ಚಾಚುತ್ತಿದ್ದಿರಿ. ಉಡುಪಿಯ ಕಡೆಯವನಾದ ನಾನೂ ಹಾಗೆಯೇ ಮಾಡಬೇಕಿತ್ತು. ಆದರೆ ನನಗೆ ನೆನಪಾದದ್ದು ನನ್ನ ಮನೆಯೊಡತಿ ಹೆಡ್ವಿಗ್. ಎಂಬತ್ತು ದಾಟಿದ ಮೇಲೂ ಈಜುಕೊಳಕ್ಕೆ ಹೋಗಿಬಂದು, ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತ, ತಂಗಿಗಿಂತ ಒಂದು ದಿನವಾದರೂ ಹೆಚ್ಚು ಬದುಕುವ ಸಂಕಲ್ಪವನ್ನು ನವೀಕರಿಸುತ್ತಿದ್ದವಳು ಆಕೆ.

ಆ ಸಂಕಲ್ಪಕ್ಕೆ ಕಾರಣ ಇಂಗ್ಲೆಂಡಿನ ಒಂದು ಬ್ಯಾರನ್ ಪದವಿ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇಂಗ್ಲಿಷ್ ಶ್ರೀಮಂತ ಮನೆತನಗಳ ವಂಶಾವಳಿಯನ್ನೂ ಅವರ ಪದವಿಗಳು ಯಾರಿಂದ ಯಾರಿಗೆ ಇಳಿದವೆಂಬುದನ್ನೂ ಜೀವಮಾನವಿಡೀ ಸಂಶೋಧಿಸಿ ನಿವೃತ್ತನಾದವನು ನಾನು. ಯಾವ ಡ್ಯೂಕನ ಎರಡನೆಯ ಮಗ ಯಾವ ವರ್ಷ ಸತ್ತನೆಂಬುದನ್ನು ಮೂರು ಆಕರಗಳಲ್ಲಿ ತಾಳೆ ನೋಡದೆ ನನಗೆ ಊಟ ರುಚಿಸುವುದಿಲ್ಲ. ಆದರೆ ನನ್ನ ತಂದೆಯ ತಂದೆಯ ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ನಮ್ಮದು ಅಳಿಯಸಂತಾನದ ಕುಟುಂಬ. ಬಳಿ ಎಂಬ ಕುಲದ ಹೆಸರೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿದವು, ಅಪ್ಪಂದಿರು ಬಂದು ಹೋದರು. ಹಿರಿಯ ಮಗನಿಗೇ ಎಲ್ಲವೂ ಎನ್ನುವ ಜನರ ಚರಿತ್ರೆಯನ್ನು ಅಂಥ ಮನೆಯವನೊಬ್ಬ ಬರೆದದ್ದು, ಅದೂ ಜರ್ಮನಿಯಲ್ಲಿ ಕುಳಿತು! ಈ ದೇಶವೋ ೧೯೧೯ರ ಸಂವಿಧಾನದಲ್ಲಿ ತನ್ನ ಶ್ರೀಮಂತ ವರ್ಗವನ್ನೇ ರದ್ದುಮಾಡಿ, ಪದವಿಗಳನ್ನು ಬರಿಯ ಮನೆತನದ ಹೆಸರುಗಳನ್ನಾಗಿ ಉಳಿಸಿಕೊಂಡಿತು. ನನ್ನ ದಂತವೈದ್ಯರು ಹೆಸರಿನ ಪ್ರಕಾರ ಕೌಂಟ್. ಹಲ್ಲು ಕೀಳುವಾಗ ಅದರಿಂದ ನನಗೇನೂ ವಿಶೇಷ ಸಮಾಧಾನ ಸಿಗಲಿಲ್ಲ.

ಹೆಡ್ವಿಗ್‌ಳ ಅಜ್ಜಿ ಇಂಗ್ಲೆಂಡಿನವಳು, ಇಲ್ಲಿನ ಕಾರ್ಖಾನೆಯ ಮಾಲೀಕನೊಬ್ಬನನ್ನು ಮದುವೆಯಾಗಿ ಬಂದವಳು. ಪೆಲ್ಡರ್ವಿಕ್ ಎಂಬ ಬ್ಯಾರನ್ ಪದವಿಗೆ ತಾನೇ ಉಳಿದ ಏಕೈಕ ವಾರಸುದಾರಳೆಂದು ನಂಬಿದ್ದಳು. ಅವಳಿಗೆ ಒಬ್ಬಳೇ ಮಗಳು. ಆಕೆಯ ಕಾಲದಲ್ಲಿ ಎರಡೂ ದೇಶಗಳು ಪರಸ್ಪರ ಬಾಂಬು ಹಾಕುತ್ತಿದ್ದುದರಿಂದ ಪದವಿ ಕೇಳಲು ಲಂಡನ್ನಿಗೆ ಹೋಗುವುದು ಉಚಿತವೆನಿಸಲಿಲ್ಲ. ಆ ಮಗಳಿಗೆ ಇಬ್ಬರು ಹೆಣ್ಣುಮಕ್ಕಳು: ಮ್ಯಾನ್‌ಹೈಮಿನ ಹೆಡ್ವಿಗ್, ಕಲೋನಿನ ಮಾರ್ಗರೇಟ. ತೊಡಕು ಆರಂಭವಾದದ್ದು ಅಲ್ಲಿ.

ಇಂಗ್ಲೆಂಡಿನ ಹಳೆಯ ಬ್ಯಾರನ್ ಪದವಿಗಳಲ್ಲಿ ಕೆಲವು ಹೆಣ್ಣುಮಕ್ಕಳಿಗೂ ಇಳಿಯುತ್ತವೆ. ಗಂಡುಮಕ್ಕಳಲ್ಲಾದರೆ ಹಿರಿಯನಿಗೆ, ಹೆಣ್ಣುಮಕ್ಕಳಲ್ಲಿ ಮಾತ್ರ ಹಿರಿಯಳು ಕಿರಿಯಳೆಂಬ ಭೇದವಿಲ್ಲ, ಎಲ್ಲರಿಗೂ ಸಮಪಾಲು. ಎಂಥ ಸಮಾನತೆ ಎನ್ನಬೇಡಿ. ಪದವಿಯನ್ನು ತುಂಡುಮಾಡಲು ಬರುವುದಿಲ್ಲವಾದ್ದರಿಂದ ಅದು ಯಾರಿಗೂ ಸೇರದೆ ಅವರ ನಡುವೆ ತೂಗಾಡುತ್ತದೆ. ಅರಸರು ಮನಸ್ಸುಮಾಡಿ ಒಬ್ಬಳಿಗೆ ಕೊಡಬೇಕು, ಇಲ್ಲವೇ ಒಬ್ಬಳನ್ನು ಬಿಟ್ಟು ಉಳಿದವರ ಸಂತಾನವೆಲ್ಲ ಅಳಿಯಬೇಕು. ಅಕ್ಕತಂಗಿಯರಿಬ್ಬರಿಗೂ ಮಕ್ಕಳಿರಲಿಲ್ಲ. ಅಕ್ಕನಿಗೆ ಕೊಡಿ ಎಂದು ತಂಗಿಯಾಗಲಿ, ತಂಗಿಗೆ ಕೊಡಿ ಎಂದು ಅಕ್ಕನಾಗಲಿ ಅರಸರಿಗೆ ಬರೆಯುವಂತಿರಲಿಲ್ಲ. ಉಳಿದ ದಾರಿ ಒಂದೇ, ಮತ್ತೊಬ್ಬಳಿಗಿಂತ ಹೆಚ್ಚು ಕಾಲ ಬದುಕುವುದು.

ತಾಯಿಯ ಮರಣದ ನಂತರ ಪಿಯಾನೊ ಒಂದರ ವಿಷಯಕ್ಕೆ ಜಗಳವಾಗಿ ಅವರಿಬ್ಬರೂ ಭೇಟಿಯಾಗುವುದನ್ನೇ ನಿಲ್ಲಿಸಿದ್ದರು. ಆದರೂ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ಫೋನು ತಪ್ಪುತ್ತಿರಲಿಲ್ಲ. ಹೆಡ್ವಿಗ್ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದಳು, ಮಾರ್ಗರೇಟಳನ್ನು ಚಿಕ್ಕಂದಿನಂತೆ ಗ್ರೇಟೆಲ್ ಎಂದೇ ಕರೆಯುತ್ತ.

"ನಿನ್ನ ಕೆಮ್ಮು ಹೇಗಿದೆ, ಗ್ರೇಟೆಲ್?"

"ಯಾವ ಕೆಮ್ಮು? ನಿನ್ನೆ ಬೆಟ್ಟ ಹತ್ತಿಬಂದೆ. ನಿನ್ನ ಮೊಣಕಾಲು?"

"ಹೊಸದರಂತಿದೆ."

ಫೋನಿಟ್ಟ ಮೇಲೆ, ನನ್ನ ಪಿಎಚ್‌ಡಿಗೆ ಮರ್ಯಾದೆ ಕೊಟ್ಟು ‘ಹೆರ್ ಡಾಕ್ಟರ್’ ಎಂದೇ ಕರೆಯುತ್ತಿದ್ದ ಆಕೆ ನನ್ನತ್ತ ತಿರುಗಿ, "ಉಪಾಹಾರಕ್ಕೆ ಎರಡು ಮೊಟ್ಟೆ ತಿಂದಳಂತೆ, ಹೆರ್ ಡಾಕ್ಟರ್! ಈ ವಯಸ್ಸಿನಲ್ಲಿ ಎರಡು!" ಎನ್ನುವಳು. ಅದು ಆತಂಕವೋ ಆಸೆಯೋ, ನನಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಮ್ಮೆ ಹೆಡ್ವಿಗ್ ನನಗೆ ಕೆಲಸವೊಂದನ್ನು ಒಪ್ಪಿಸಿದಳು. "ನೀವು ಇದರಲ್ಲೇ ಕೂದಲು ನರೆಸಿಕೊಂಡವರು. ಕಾಲ ಬಂದಾಗ ನನ್ನ ಹಕ್ಕನ್ನು ಯಾರೂ ಪ್ರಶ್ನಿಸದಂತೆ ಎಲ್ಲವನ್ನೂ ಪರಿಶೀಲಿಸಿಬಿಡಿ." ಕಾಲ ಬರುವುದೆಂದರೆ ಏನೆಂದು ಆಕೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಪರಿಶೀಲಿಸಿದೆ. ಅಂಥ ಪದವಿ ಹುಟ್ಟಬೇಕಾದರೆ ಎರಡು ಸಂಗತಿಗಳು ನಡೆದಿರಬೇಕು. ಅರಸನು ಮೂಲಪುರುಷನನ್ನು ಪಾರ್ಲಿಮೆಂಟಿಗೆ ಕರೆಸಿರಬೇಕು. ಆತ ಬಂದು ಅಲ್ಲಿ ಕುಳಿತಿರಬೇಕು. ಪೆಲ್ಡರ್ವಿಕ್‌ನ ಮೂಲಪುರುಷನಿಗೆ ಕರೆ ಹೋದದ್ದು ಹದಿನಾಲ್ಕನೆಯ ಶತಮಾನದ ಒಂದು ಫೆಬ್ರವರಿಯಲ್ಲಿ, ಆತನನ್ನು ಹೂಳಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ನಡುವಿನ ಮಾರ್ಚ್‌ನಲ್ಲಿ ಸಭೆ ಸೇರಿತ್ತು, ಹಾಗಾಗಿ ಕುಳಿತಿದ್ದಾನೆ ಎಂದು ಮನೆಯವರು ತಲೆಮಾರುಗಳಿಂದ ನಂಬಿದ್ದರು. ಆದರೆ ಆ ಶತಮಾನದ ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮಾರ್ಚ್ ಇಪ್ಪತ್ತೈದಕ್ಕೆ. ೧೭೫೨ರವರೆಗೂ ಹಾಗೆಯೇ. ಏಪ್ರಿಲ್‌ನಲ್ಲಿ ಬರುವ ಬಿಸುವಿಗೆ ಹೊಸ ವರ್ಷ ಎನ್ನುವ ಊರಿನಲ್ಲಿ ಹುಟ್ಟಿದ ನನಗೆ ಇದು ಹೊಳೆಯಲು ತಡವಾಗಲಿಲ್ಲ. ಆ ಲೆಕ್ಕದಲ್ಲಿ ಏಪ್ರಿಲ್ ಮೊದಲು, ಫೆಬ್ರವರಿ ಕೊನೆಗೆ. ಹಳೆಯ ಪಟ್ಟಿಯನ್ನೇ ನಕಲು ಮಾಡಿದ ಯಾವನೋ ಗುಮಾಸ್ತ, ಮಣ್ಣಾಗಿ ಹತ್ತು ತಿಂಗಳಾಗಿದ್ದ ಮನುಷ್ಯನನ್ನು ಪಾರ್ಲಿಮೆಂಟಿಗೆ ಕರೆದಿದ್ದ. ಆತ ಬರಲಿಲ್ಲ. ಪದವಿ ಹುಟ್ಟಲೇ ಇಲ್ಲ. ಹುಟ್ಟದೆ ಇದ್ದದ್ದು ಇಬ್ಬರ ನಡುವೆ ತೂಗುವುದಾದರೂ ಹೇಗೆ?

ಫ್ರಾಂಕ್‌ಫರ್ಟಿನಲ್ಲಿ ಕೆಲಸಮಾಡುವ ನನ್ನ ಅಕ್ಕನ ಮಗಳು ಶ್ರುತಿ ಆ ವಾರಾಂತ್ಯ ಬಂದಿದ್ದಳು. ನಮ್ಮ ಲೆಕ್ಕದಲ್ಲಿ ನನ್ನ ವಾರಸುದಾರಳು ಅವಳೇ; ಬರುವುದು ಪುಸ್ತಕಗಳು ಮಾತ್ರ ಎಂದು ತಿಳಿದು ಆ ಹಕ್ಕನ್ನು ಸ್ಥಾಪಿಸುವ ಉತ್ಸಾಹವನ್ನೇನೂ ತೋರಿದವಳಲ್ಲ.

"ಎಂತ ಮಾವ, ಸತ್ತು ಹತ್ತು ತಿಂಗಳಾದವನಿಗೆ ಇನ್ವಿಟೇಶನ್ ಕಳ್ಸಿದ್ದಾ?"

"ಆಹ್ವಾನವಲ್ಲ, ರಾಜಾಜ್ಞೆ."

"ಎಂತದ್ದಾದ್ರೂ ಆಗ್ಲಿ ಮಾರಾಯ್ರೆ, ನೀವು ಹೇಳ್ಲಿಕ್ಕೆ ಹೋಗ್ಬೇಡಿ. ಟೈಟಲ್ಲೇ ಇಲ್ಲ ಅಂತಾದ್ರೆ ಆ ಅಜ್ಜಿಯರು ಫೋನಲ್ಲಿ ಎಂತ ಮಾತಾಡುದು?"

"ಸತ್ಯವನ್ನು ಮುಚ್ಚಿಡುವುದು ವಿದ್ವಾಂಸನಿಗೆ ತಕ್ಕದ್ದಲ್ಲ."

"ಆರುನೂರು ವರ್ಷ ಕಾದ ಸತ್ಯ ಇನ್ನು ಸ್ವಲ್ಪ ಕಾಯ್ಲಿ. ಅದಕ್ಕೆಂತ ಟೆರ್ಮಿನ್ ಉಂಟಾ?"

ಈ ದೇಶದಲ್ಲಿ ಟೆರ್ಮಿನ್ ಇಲ್ಲದೆ, ಎಂದರೆ ಮುಂಗಡವಾಗಿ ಸಮಯ ಗೊತ್ತುಮಾಡಿಕೊಳ್ಳದೆ, ಯಾವುದೂ ನಡೆಯುವುದಿಲ್ಲ. ನಾನು ಸೋಮವಾರ ಸಂಜೆಯನ್ನು ಗೊತ್ತುಮಾಡಿಕೊಂಡೆ. ಆದರೆ ಸೋಮವಾರ ಬೆಳಿಗ್ಗೆಯೇ ಹೆಡ್ವಿಗ್ ಕೋಟು ತೊಟ್ಟು ನನ್ನ ಬಾಗಿಲು ತಟ್ಟಿದಳು. ಮಾರ್ಗರೇಟಳಿಗೆ ನ್ಯುಮೋನಿಯ, ಕಲೋನಿನ ಆಸ್ಪತ್ರೆಯಲ್ಲಿದ್ದಾಳೆ, ನೀವೂ ಬನ್ನಿ ಎಂದಳು. ರೈಲು ಹತ್ತಿದೆವು. ಜೀವನವಿಡೀ ಕಾದ ಗಳಿಗೆಗೆ ಹೊರಟವಳ ಮುಖದಲ್ಲಿ ಇರಬೇಕಾದ ಗೆಲುವನ್ನು ನಾನು ಹುಡುಕಿದೆ, ಸಿಗಲಿಲ್ಲ.

ಮಾರ್ಗರೇಟ ದಿಂಬಿನಲ್ಲಿ ಹೂತುಹೋಗಿದ್ದಳು. ಹೆಡ್ವಿಗ್ ಮಂಚದ ಪಕ್ಕ ನಿಂತು ಆಕೆಯನ್ನು ಗದರಿಸಿದಳು.

"ನೋಡು ಗ್ರೇಟೆಲ್, ನೀನು ಸತ್ತರೆ ಪದವಿ ನನಗೆ ಬರುತ್ತದೆ. ನಾನು ಲಂಡನ್ನಿಗೆ ಅರ್ಜಿ ಹಾಕಬೇಕು, ಪ್ರತಿಯೊಂದು ಕಾಗದವನ್ನೂ ಅನುವಾದ ಮಾಡಿಸಬೇಕು, ಮೊಹರು ಹಾಕಿಸಬೇಕು. ಈ ವಯಸ್ಸಿನಲ್ಲಿ ಆ ತೊಂದರೆ ನನಗೆ ಕೊಡಬೇಡ."

ಆಮ್ಲಜನಕದ ನಳಿಕೆಯ ಹಿಂದಿನಿಂದ ತಂಗಿ ಕಣ್ಣು ತೆರೆದಳು. "ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತೇನೆಯೇ, ಮುದುಕಿ?"

ಹೆಡ್ವಿಗ್ ಮಂಚದ ಅಂಚಿನಲ್ಲಿ ಕುಳಿತು ಆಕೆಗೆ ಸೂಪು ಕುಡಿಸಿದಳು. ಸೂಪಿನಲ್ಲಿ ಉಪ್ಪಿಲ್ಲವೆಂದು ದಾದಿಯನ್ನು ಬೈದಳು. ಹೊರಗೆ ಬಂದ ಮೇಲೆ, ಕಾರಿಡಾರಿನ ಕಿಟಕಿಯತ್ತ ಮುಖಮಾಡಿಕೊಂಡು ನನ್ನನ್ನು ಕೇಳಿದಳು: "ಪರಿಶೀಲನೆ ಮುಗಿಯಿತೇ, ಹೆರ್ ಡಾಕ್ಟರ್?"

"ಇನ್ನೂ ಒಂದು ದಿನಾಂಕ ಖಚಿತವಾಗಬೇಕು," ಎಂದೆ.

ಮಾರ್ಗರೇಟ ಚೇತರಿಸಿಕೊಂಡಳು. ಹಟದಿಂದಲೇ ಎಂದು ಹೆಡ್ವಿಗ್ ಹೇಳುತ್ತಿದ್ದಳು. ಭಾನುವಾರದ ಫೋನುಗಳು ಮೊದಲಿಗಿಂತ ಉದ್ದವಾದವು, ಈಸ್ಟರಿಗೆ ಒಬ್ಬರ ಮನೆಗೆ ಒಬ್ಬರು ಹೋಗಿಬರುವುದೂ ಆರಂಭವಾಯಿತು. ಆ ಒಂದು ದಿನಾಂಕ ಮಾತ್ರ ನನ್ನಿಂದ ವರ್ಷಗಟ್ಟಲೆ ಖಚಿತವಾಗಲಿಲ್ಲ. ಇಷ್ಟು ನಿಧಾನದ ಸಂಶೋಧಕನಿಗೆ ವಿಶ್ವವಿದ್ಯಾಲಯ ಹೇಗೆ ಸಂಬಳ ಕೊಟ್ಟಿತೆಂದು ಹೆಡ್ವಿಗ್ ಒಮ್ಮೆ ಅಚ್ಚರಿಪಟ್ಟಳು. ಕಳೆದ ಚಳಿಗಾಲದಲ್ಲಿ, ನಿದ್ದೆಯಲ್ಲಿಯೇ, ಆಕೆ ತೀರಿಕೊಂಡಳು.

ಟ್ರಾಮಿನಿಂದಿಳಿದು ಮನೆ ಸೇರಿದಾಗ ಫೋನು ಬಡಿದುಕೊಳ್ಳುತ್ತಿತ್ತು. ಕಲೋನಿನಿಂದ ಮಾರ್ಗರೇಟ. ಅಂತ್ಯಕ್ರಿಯೆಯ ದಿನ ಆಕೆ ಈ ವಿಷಯ ಎತ್ತಿರಲಿಲ್ಲ. ಈಗ ನೇರವಾಗಿ ಕೇಳಿದಳು: "ಹಾಗಾದರೆ ಈಗ ನಾನು ಬ್ಯಾರನೆಸ್ಸೇ?"

ಸುಳ್ಳನ್ನು ಕಾಪಾಡಲು ಈಗ ಯಾವ ಕಾರಣವೂ ಉಳಿದಿರಲಿಲ್ಲ. ಫೆಬ್ರವರಿ, ಏಪ್ರಿಲ್, ಸತ್ತವನಿಗೆ ಹೋದ ಕರೆ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅತ್ತಲಿಂದ ಉಸಿರು ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಹೆಡ್ವಿಗ್‌ಗೆ ಇದು ಗೊತ್ತಿತ್ತೇ?"

"ಇಲ್ಲ."

"ಅಂದರೆ ಅವಳು ವಾರಸುದಾರಳಾಗಿಯೇ ಸತ್ತಳು. ಅವಳಿಗಿಂತ ಹೆಚ್ಚು ಬದುಕಿದ ನಾನು ಏನೂ ಅಲ್ಲದವಳಾಗಿ ಸಾಯಬೇಕು." ನಗು ನಿಂತಿತು. "ಕೊನೆಗೂ ಗೆದ್ದದ್ದು ಅವಳೇ, ಅಲ್ಲವೇ ಹೆರ್ ಡಾಕ್ಟರ್?"

ಯಾವ ಆಕರವನ್ನೂ ತೆರೆದು ನೋಡದೆ "ಹೌದು" ಎಂದೆ. "ಸರಿ," ಎಂದಳು ಮಾರ್ಗರೇಟ, ಮತ್ತು ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನಾನು ಮನೆಯಲ್ಲಿರುತ್ತೇನೆಯೇ ಎಂದು ಕೇಳಿದಳು.