ಬಣ್ಣ ಬಳಿದ ಸ್ಪ್ರಿಂಗ್ ಕಂಪ್ರೆಸರ್

ಬಸವೇಶ್ವರನಗರದ ಗ್ಯಾರೇಜು ಬಿಟ್ಟು ಬ್ಯಾಡರಹಳ್ಳಿಯಲ್ಲಿ ನನ್ನದೇ ಶೆಡ್ ಮಾಡಿಕೊಂಡಾಗ ಆ ಗ್ಯಾರೇಜಿನ ಯಜಮಾನರು ನನಗೆ ಒಂದು ಜೊತೆ ಸ್ಪ್ರಿಂಗ್ ಕಂಪ್ರೆಸರ್ ಕೊಟ್ಟರು. ಸ್ಟೀಲ್ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ಅಡ್ಡಡ್ಡ ಎರಡು ಕಬ್ಬಿಣದ ರಾಡು. ಆ ಗ್ಯಾರೇಜಿನಲ್ಲಿ ಅದೊಂದು ಪದ್ಧತಿ. ಕೆಲಸ ಕಲಿತು ಸ್ವಂತಕ್ಕೆ ಹೊರಡುವವನಿಗೆ ಅವರು ತಾವು ಬಳಸಿದ ಒಂದು ಟೂಲ್ ಕೊಡುತ್ತಿದ್ದರು. ಹೊಸದು ಕೊಡುವುದಿಲ್ಲ. ಹೊಸದನ್ನು ದುಡ್ಡಿದ್ದವನು ಯಾರಾದರೂ ತರುತ್ತಾನೆ ಅನ್ನುವುದು ಅವರ ಮಾತು. ನನಗಿಂತ ಮುಂಚೆ ಬಿಟ್ಟವನೊಬ್ಬ ತನಗೆ ಕೊಟ್ಟ ಜಾಕನ್ನು ಮಾರಿಕೊಂಡಿದ್ದ. ಅವನ ಸುದ್ದಿ ಬಂದರೆ ಯಜಮಾನರು ಎದ್ದು ಹೊರಗೆ ಹೋಗುತ್ತಿದ್ದರು.

ಕಾರಿನ ಮುಂದಿನ ಚಕ್ರದ ಹಿಂದೆ ಶಾಕ್ ಅಬ್ಸಾರ್ಬರ್ ಇರುತ್ತದೆ. ಅದರ ಸುತ್ತ ದಪ್ಪ ಸ್ಪ್ರಿಂಗು, ಗಾಡಿಯ ಭಾರ ಹೊರುವುದು ಅದು. ಒಳಗೆ ಅದು ಸುಮ್ಮನೆ ಕೂತಿರುವುದಿಲ್ಲ, ಒತ್ತಿಸಿಕೊಂಡು ಕೂತಿರುತ್ತದೆ. ಮೇಲಿನ ನಟ್ ಬಿಚ್ಚುವ ಮೊದಲು ಅದನ್ನು ಇನ್ನಷ್ಟು ಒತ್ತಿ ಹಿಡಿಯಬೇಕು. ಅದಕ್ಕೇ ಈ ಕಂಪ್ರೆಸರ್. ಉದ್ದನೆಯ ಥ್ರೆಡ್ ಇರುವ ರಾಡು, ಎರಡು ತುದಿಗೆ ಕೊಕ್ಕೆ. ಆ ಕಡೆ ಒಂದು, ಈ ಕಡೆ ಒಂದು ಹಾಕಿ ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತಾ ಹೋದರೆ ಸ್ಪ್ರಿಂಗು ಕುಗ್ಗುತ್ತದೆ. ಕೊಕ್ಕೆ ಜಾರಿದರೆ ಅಥವಾ ಮುರಿದರೆ ಸ್ಪ್ರಿಂಗು ಎತ್ತ ಹಾರುತ್ತದೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಗ್ಯಾರೇಜಿನ ಚಾವಣಿ ಶೀಟಿನಲ್ಲಿ ಒಂದು ತೂತಿತ್ತು. ನಾನು ಸೇರುವ ಮುಂಚೆ ಸ್ಪ್ರಿಂಗು ಹಾರಿ ಆದದ್ದು. ಗಿರಾಕಿಗಳು ಕೇಳಿದರೆ ಯಜಮಾನರು, ಗಾಳಿ ಬರಲಿ ಅಂತ ಬಿಟ್ಟಿದ್ದೀವಿ ಅನ್ನುತ್ತಿದ್ದರು.

ಯಜಮಾನರು ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ಕಾಲವಾದರೂ ಮಾತು ಅಲ್ಲಿಯದೇ. ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ಶಟರ್ ಎತ್ತಿದರೆ ಮುಗಿಯಿತು, ಕೆಲಸ. ಸ್ಪ್ರಿಂಗಿನ ಕೆಲಸ ಮಾತ್ರ ಅವರು ಯಾರ ಕೈಗೂ ಬಿಡುತ್ತಿರಲಿಲ್ಲ, ತಾವೇ ಮಾಡುತ್ತಿದ್ದರು. ಕಂಪ್ರೆಸರ್ ಕೂಡ ಅವರದೇ ಲೆಕ್ಕಾಚಾರ. ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೂತು ಎರಡು ಜೊತೆ ಮಾಡಿಸಿದ್ದರು. ಒಂದು ಜೊತೆ ನನಗೆ ಬಂತು. ಇನ್ನೊಂದು ಅವರ ಹತ್ತಿರವೇ ಉಳಿಯಿತು.

ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಗ್ಯಾರೇಜಿನ ಟೂಲುಗಳಿಗೆಲ್ಲ ಬಣ್ಣ ಹೊಡೆಯುತ್ತಿದ್ದೆವು. ಜಾಕಿಗೆ ಕೆಂಪು, ಸ್ಟ್ಯಾಂಡಿಗೆ ಹಳದಿ, ಕಂಪ್ರೆಸರಿಗೆ ಸಿಲ್ವರ್. ಹಳೆ ಬಣ್ಣ ಕೆರೆಯುವುದಿಲ್ಲ, ಅದರ ಮೇಲೇ. ಆಮೇಲೆ ವಿಭೂತಿ, ಕುಂಕುಮ, ಹೂವು. ಮೈಸೂರು ರಸ್ತೆಯಿಂದ ಮಾಗಡಿ ರಸ್ತೆವರೆಗೆ ಎಲ್ಲ ಗ್ಯಾರೇಜಿನಲ್ಲೂ ಹಾಗೇ. ಆ ದಿನ ಟೂಲು ಹೊಳೆಯಬೇಕು. ನಾನೂ ಎಷ್ಟೋ ವರ್ಷ ಬ್ರಶ್ ಹಿಡಿದಿದ್ದೆ.

ನನ್ನ ಶೆಡ್ಡಿನ ಅರ್ಧ ಭಾಗ ಒಬ್ಬ ಟಿಂಕರನದು. ನಜ್ಜುಗುಜ್ಜಾದ ಡೋರು, ಬಂಪರು ಎಳೆಯುವ ಕೆಲಸ ಅವನದು. ನನ್ನ ವಯಸ್ಸಿನವನೇ. ಮೊದಲ ಸ್ಪ್ರಿಂಗ್ ಕೆಲಸ ಬಂದ ದಿನ ಯಜಮಾನರ ಕಂಪ್ರೆಸರ್ ತೆಗೆದೆ. ನಟ್ ಅರ್ಧಕ್ಕೆ ನಿಂತಿತು. ಥ್ರೆಡ್ಡಿನ ತುಂಬ ಬಣ್ಣ ಗಟ್ಟಿಯಾಗಿ ಕೂತಿತ್ತು. ಟಿಂಕರನ ಹತ್ತಿರ ಥಿನ್ನರ್ ಇಸಿದುಕೊಂಡು ಎರಡನ್ನೂ ಡಬ್ಬದಲ್ಲಿ ಮುಳುಗಿಸಿ ವೈರ್ ಬ್ರಶ್ಶಿನಲ್ಲಿ ಉಜ್ಜಿದೆ. ಬಣ್ಣ ಪದರ ಪದರವಾಗಿ ಎದ್ದಿತು. ಒಂದು ರಾಡಿನಲ್ಲಿ, ಕೊಕ್ಕೆ ವೆಲ್ಡ್ ಆದ ಜಾಗದಲ್ಲಿ, ಕೂದಲಷ್ಟು ಸಣ್ಣ ಗೆರೆ ಕಂಡಿತು.

ಗೀರೋ, ಕ್ರ್ಯಾಕೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ, ಇಂಜಿನ್ ಕೆಲಸದವರೆಲ್ಲ ಮಾಡುವುದು. ಸೀಮೆಎಣ್ಣೆಯೋ ಡೀಸೆಲ್ಲೋ ಬಳಿದು ಬಿಡಬೇಕು. ಆಮೇಲೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಸೀಮೆಸುಣ್ಣ ಉಜ್ಜಬೇಕು. ಬರೀ ಗೀರಾದರೆ ಸುಣ್ಣ ಬೆಳ್ಳಗೇ ಇರುತ್ತದೆ. ಕ್ರ್ಯಾಕಾದರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ನಾನು ಉಜ್ಜಿಟ್ಟು ಕೂತೆ. ಕಪ್ಪು ಗೆರೆ ಬಂತು. ಕೊಕ್ಕೆಯ ಅರ್ಧ ಅಗಲಕ್ಕೆ ಹೋಗಿತ್ತು.

ಟಿಂಕರ್ ಬಗ್ಗಿ ನೋಡಿದ.

"ಒಂದು ವೆಲ್ಡಿಂಗ್ ಟಚ್ ಕೊಡ್ಲಾ ಮಗಾ? ಎರಡು ನಿಮಿಷ."

"ಬೇಡ."

"ಸರಿ, ದೇವ್ರ ಫೋಟೋ ಪಕ್ಕ ನೇತಾಕು. ದಿನಾ ಊದುಬತ್ತಿ ಹಚ್ಚು. ನಿಮ್ಮ ಯಜಮಾನ್ರು ಬಂದ್ರೆ ಖುಷಿ ಆಗ್ತಾರೆ, ನಿನ್ ಮೂತಿನೂ ಉಳಿಯುತ್ತೆ."

ನಾನು ಕಾಮಾಕ್ಷಿಪಾಳ್ಯದ ಒಂದು ಟೂಲ್ ಅಂಗಡಿಗೆ ಹೋಗಿ ಹೊಸದು ನೋಡಿದೆ. ಅಂಗಡಿಯ ಹುಡುಗ ನನ್ನ ಮುಖ ನೋಡಿದ ತಕ್ಷಣ ಹೊಳೆಯುವ ಒಂದು ಜೊತೆ ತೆಗೆದಿಟ್ಟ.

"ಹೆವಿ ಡ್ಯೂಟಿ ಬಾಸ್. ಎಲ್ಲಾ ಗ್ಯಾರೇಜಿನೋರೂ ಇದೇ ಒಯ್ಯೋದು."

"ಒಯ್ದೋರು ಯಾರಾದ್ರೂ ವಾಪಸ್ ಬಂದವ್ರಾ?"

"ಚೆನ್ನಾಗಿದ್ರೆ ಯಾಕ್ ಬರ್ತಾರೆ ಬಾಸ್?"

"ಮುಖಕ್ಕೆ ಹೊಲಿಗೆ ಹಾಕಿಸ್ಕೊಂಡು ಮಲಗಿದ್ರೂ ಬರಲ್ಲ."

ಅವನು ನಗಲಿಲ್ಲ. ನಾನು ಅದರ ಕೊಕ್ಕೆ ತಿರುಗಿಸಿ ನೋಡಿದೆ. ಸಣ್ಣ ಕೊಕ್ಕೆ, ಬೇರೆ ಮಾಡಿ ವೆಲ್ಡ್ ಹಾಕಿದ್ದು, ವೆಲ್ಡಿನ ಮೇಲೆ ಪಾಲಿಶ್. ಹೊಳಪಿನ ಕೆಳಗೆ ಏನಿದೆ ನೋಡುತ್ತೇನೆ, ಕೆರೆಯಲಾ ಅಂದೆ. ಕೆರೆದರೆ ನೀವೇ ತಗೋಬೇಕು ಅಂದ. ಬೇಡ ಅಂದೆ. ಬೇರೆ ತೋರಿಸು ಅಂದದ್ದಕ್ಕೆ ಗೊಣಗುತ್ತಾ ಮೇಲಿನ ಹಲಗೆಯಿಂದ ಕಪ್ಪನೆಯದೊಂದು ಇಳಿಸಿದ. ಬಣ್ಣ ಇಲ್ಲ, ಎಣ್ಣೆ ಮಾತ್ರ. ಕೊಕ್ಕೆ ಅಗಲ, ಕಾಯಿಸಿ ಬಡಿದು ಒಂದೇ ತುಂಡಿನಲ್ಲಿ ಮಾಡಿದ್ದು, ಎಲ್ಲೂ ವೆಲ್ಡ್ ಇಲ್ಲ. ಸ್ಪ್ರಿಂಗಿನ ಸುತ್ತನ್ನು ಎರಡು ಕಡೆ ಹಿಡಿಯುತ್ತಿತ್ತು. ಹಿಡಿದ ಮೇಲೆ ಜಾರದಂತೆ ಪಿನ್ ಹಾಕುವ ತೂತು ಇತ್ತು. ನಟ್ಟನ್ನು ಬೆರಳಿನಲ್ಲಿ ತಿರುಗಿಸಿದೆ, ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಓಡಿತು. ಅಷ್ಟು ಸಾಕು.

"ಇದು ಯಾರೂ ತಗೊಳಲ್ಲ ಬಾಸ್. ನೋಡೋಕೆ ಚೆನ್ನಾಗಿಲ್ಲ," ಅಂದ ಹುಡುಗ.

ಅದನ್ನೇ ತಂದೆ. ಗಾಡಿಯ ಕೆಲಸ ಮುಗಿಯಿತು. ನಿಧಾನವಾಯಿತು, ಎರಡೂ ಕಡೆ ಸಮವಾಗಿ ಬಿಗಿ ಮಾಡಬೇಕಾದ್ದರಿಂದ. ಗಾಳಿಯ ಒತ್ತಡದಲ್ಲಿ ನಟ್ ತಿರುಗಿಸುವ ಏರ್ ಗನ್ ಹಾಕಿದರೆ ಬೇಗ ಆಗುತ್ತದೆ, ಆದರೆ ಥ್ರೆಡ್ ಸುಡುತ್ತದೆ. ನಾನು ಕೈಯಲ್ಲೇ ಮಾಡಿದೆ.

ಅಲ್ಲಿಗೆ ನನ್ನ ತಾಪತ್ರಯ ಮುಗಿದಿತ್ತು. ಟಿಂಕರ್ ಹೇಳಿದ ಹಾಗೆ ಹಳೆಯದನ್ನು ನೇತುಹಾಕಬಹುದಿತ್ತು. ಊಟಕ್ಕೆ ಕೂತಾಗ ಇನ್ನೊಂದು ಜೊತೆ ನೆನಪಾಯಿತು. ಅದೇ ಲೇತು, ಅದೇ ವೆಲ್ಡಿಂಗು, ನನ್ನದರಷ್ಟೇ ಬಣ್ಣ. ಯಜಮಾನರು ದಿನಾ ಅದರ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದರು. ಈಚೆಗೆ ಕಣ್ಣು ಮಂಜಾಗಿ ಇನ್ನೂ ಹತ್ತಿರಕ್ಕೆ ಬಗ್ಗುತ್ತಿದ್ದರು. ಕೊಕ್ಕೆ ಹೋದರೆ ಸ್ಪ್ರಿಂಗು ಬಡಿಯುವುದು ಅವರ ಮುಖಕ್ಕೇ.

"ಫೋನ್ ಮಾಡಿ ಹೇಳು," ಅಂದ ಟಿಂಕರ್.

"ಫೋನಲ್ಲಿ ಹೇಳಿದ್ರೆ ಕಟ್ ಮಾಡ್ತಾರೆ."

"ಎದುರಿಗೆ ಹೇಳಿದ್ರೆ ನಿನ್ನೇ ಕಟ್ ಮಾಡ್ತಾರೆ ಗುರು."

ಎರಡು ರಾಡನ್ನೂ ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿದೆ. ಹೊಸದನ್ನೂ ಹಾಕಿಕೊಂಡೆ. ಮಾಗಡಿ ರಸ್ತೆಯಲ್ಲಿ ಯಾವಾಗಿನಂತೆ ಜಾಮು. ಗ್ಯಾರೇಜು ಮುಟ್ಟಿದಾಗ ಯಜಮಾನರು ಕೆಲಸ ಶುರು ಮಾಡಿಬಿಟ್ಟಿದ್ದರು. ಶಾಕ್ ಅಬ್ಸಾರ್ಬರ್ ಬೆಂಚಿನ ವೈಸಿನ ಹಿಡಿತದಲ್ಲಿ ಕೂತಿತ್ತು. ಸಿಲ್ವರ್ ರಾಡುಗಳು ಎರಡೂ ಕಡೆ ಹತ್ತಿದ್ದವು. ಸ್ಪ್ರಿಂಗು ಅರ್ಧ ಕುಗ್ಗಿತ್ತು. ಅವರು ಬಗ್ಗಿಕೊಂಡು ಸ್ಪ್ಯಾನರ್ ತಿರುಗಿಸುತ್ತಿದ್ದರು.

"ಏನಲೇ ತಮ್ಮಾ, ಇಷ್ಟು ಲಗೂನ ಶೆಡ್ ಮುಚ್ಚಿ ಬಂದೀಯೇನು?"

"ಯಜಮಾನ್ರೆ, ಅದನ್ನ ಲೂಸ್ ಮಾಡಿ. ಆಮೇಲೆ ಮಾತಾಡೋಣ."

"ಈಗ ಮಾತಾಡು. ನನ್ನ ಕಿವಿ ಬ್ಯಾರೆ, ಕೈ ಬ್ಯಾರೆ."

"ನೀವು ಕೊಟ್ರಲ್ಲ, ಅದು ಕ್ರ್ಯಾಕ್ ಬಿಟ್ಟಿದೆ."

ಸ್ಪ್ಯಾನರ್ ನಿಂತಿತು. ತಲೆ ಎತ್ತಲಿಲ್ಲ.

"ಎಲ್ಲಿ ಬೀಳಿಸ್ದಿ?"

"ಬೀಳ್ಸಿಲ್ಲ. ಪೇಂಟ್ ತೆಗ್ದೆ, ಕಾಣಿಸ್ತು."

"ಪೂಜಿ ಮಾಡಿ ಕೊಟ್ಟಿದ್ದು ಅದು. ಕೆರೀ ಅಂತ ಯಾರು ಹೇಳಿದ್ರು?"

"ನಟ್ ಓಡ್ತಿರ್ಲಿಲ್ಲ. ಯಜಮಾನ್ರೆ, ನಿಮ್ದೂ ಅದೇ ದಿನ ಮಾಡ್ಸಿದ್ದು. ಮುಖ ಆ ಕಡೆ ಇಟ್ಕೊಂಡು ಲೂಸ್ ಮಾಡಿ."

"ಜಾಕ್ ಮಾರಿದನಲ್ಲ, ಅವನೇ ವಾಸಿ. ಹೇಳಾಕ ಬರಲಿಲ್ಲ, ಸುಮ್ಮನ ಮಾರಿಕೊಂಡ."

ಹೇಳುವುದನ್ನು ಹೇಳಿಯಾಗಿತ್ತು. ಅವರು ಇನ್ನೊಂದು ಸುತ್ತು ಬಿಗಿ ಮಾಡಿದರು, ನನಗೆ ತೋರಿಸುವುದಕ್ಕೇ. ನಾನು ಹೋಗಿ ಸ್ಪ್ಯಾನರಿನ ಹಿಡಿಯ ಮೇಲೆ ಕೈ ಇಟ್ಟೆ. ಅಷ್ಟು ವರ್ಷದಲ್ಲಿ ಅವರು ಕೆಲಸ ಮಾಡುವಾಗ ನಾನು ಹಾಗೆ ಅಡ್ಡ ಬಂದಿರಲಿಲ್ಲ. ಅವರು ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಉಲ್ಟಾ ತಿರುಗಿಸತೊಡಗಿದರು. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಸ್ಪ್ರಿಂಗು ಕಿರ್ ಕಿರ್ ಅನ್ನುತ್ತಾ ಹಿಗ್ಗಿತು. ರಾಡುಗಳು ಸಡಿಲವಾಗಿ ಕೈಗೆ ಬಂದವು.

"ತಗೋ. ಏನ್ ಮಾಡ್ತಿ ಮಾಡು."

ಅವರ ಜೊತೆಯನ್ನು ಥಿನ್ನರಿನಲ್ಲಿ ತೊಳೆದೆ. ಡೀಸೆಲ್ ಬಳಿದೆ, ಒರೆಸಿದೆ, ಸುಣ್ಣ ಉಜ್ಜಿ ಬೆಂಚಿನ ಮೇಲೆ ಇಟ್ಟೆ. ಯಜಮಾನರು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ನಾವು ಕಾದೆವು. ಸುಣ್ಣ ಬೆಳ್ಳಗೇ ಇತ್ತು. ಇನ್ನಷ್ಟು ಕಾದೆವು. ಆಗಲೂ ಬೆಳ್ಳಗೇ.

"ಎಲ್ಲೈತಿ?" ಅಂದರು.

"ಇದ್ರಲ್ಲಿ ಇಲ್ಲ."

"ಇದ್ರಾಗ ಇಲ್ಲ. ಗಿರಾಕಿ ಕಾರ್ ಬಿಚ್ಚಿ ಕೂತೇನಿ, ಬಂದು ಕೈ ಹಿಡದಿ, ಬಣ್ಣ ಕೆರದಿ. ಈಗ ಇಲ್ಲ ಅಂತಿ."

ಗೋಣಿಚೀಲದಿಂದ ನನ್ನ ಜೊತೆ ತೆಗೆದು ಅವರ ಮುಂದೆ ಇಟ್ಟೆ. ಅದರ ಪರೀಕ್ಷೆ ಮಾಡಲು ಅವರು ನನ್ನನ್ನು ಬಿಡಲಿಲ್ಲ. ತಾವೇ ಡೀಸೆಲ್ ಬಳಿದರು, ತಮ್ಮ ಟವೆಲಿನಲ್ಲೇ ಒರೆಸಿದರು, ಸುಣ್ಣ ಉಜ್ಜಿದರು. ಕನ್ನಡಕ ಹಾಕಿಕೊಂಡರು. ಗೆರೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರ ಮೇಲೆ ಉಗುರು ಎಳೆದರು. ಮತ್ತೆ ಎಳೆದರು.

"ಇದರಾಗೇ ಹೋದ ಶ್ರಾವಣದಾಗ ನಾನು ದೊಡ್ಡ ಗಾಡಿ ಸ್ಪ್ರಿಂಗ್ ತೆಗದೇನಿ," ಅಂದರು. ನನಗೆ ಹೇಳಿದ ಹಾಗಿರಲಿಲ್ಲ.

ಎದ್ದು ಹೋಗಿ ಕಟ್ಟಿಂಗ್ ಮಷಿನ್ ತಂದರು. ಬಿರುಕು ಬಿಟ್ಟ ರಾಡನ್ನು ವೈಸಿಗೆ ಕಟ್ಟಿ ಎರಡು ಕೊಕ್ಕೆಯನ್ನೂ ಕತ್ತರಿಸಿದರು. ಗುಜರಿಗೆ ಹಾಕಿದರಾಯಿತಲ್ಲ ಅಂದೆ.

"ಹಂಗೇ ಹಾಕಿದ್ರ ಇನ್ನೊಬ್ಬ ಎತ್ತಿಕೊಂಡು ಹೋಗ್ತಾನ. ಬಣ್ಣ ಹೊಡೆದು ಮಾರ್ತಾನ. ನಾವೇ ಹೊಡದೀವಲ್ಲ, ಅವನು ಬಿಡ್ತಾನೇನು?"

ಅದರ ಜೊತೆಯದನ್ನೂ ಕತ್ತರಿಸಿದರು. ಆಮೇಲೆ ತಮ್ಮದನ್ನು ಎತ್ತಿಕೊಂಡರು. ಸುಣ್ಣ ಇನ್ನೂ ಅಂಟಿಕೊಂಡಿತ್ತು.

"ಅದು ಚೆನ್ನಾಗೇ ಇದೆಯಲ್ಲ ಯಜಮಾನ್ರೆ."

"ಇವತ್ತು ಐತಿ," ಅಂದು ವೈಸಿಗೆ ಕಟ್ಟಿದರು.

ಮಷಿನ್ನಿನ ಸದ್ದು ನಿಂತ ಮೇಲೆ ನೆಲದಲ್ಲಿ ಎಂಟು ಕೊಕ್ಕೆ ಬಿದ್ದಿದ್ದವು. ಅವರು ಕಾಲಿನಲ್ಲಿ ಒಂದು ಮೂಲೆಗೆ ಸರಿಸಿದರು. ನಾನು ತಂದಿದ್ದ ಹೊಸದನ್ನು ಬೆಂಚಿನ ಮೇಲೆ ಇಟ್ಟು, ಇವತ್ತಿನ ಕೆಲಸ ಇದರಲ್ಲಿ ಮುಗಿಸಿ ಅಂದೆ. ಕೈಗೆ ತೆಗೆದುಕೊಂಡು ನಟ್ ಓಡಿಸಿ ನೋಡಿದರು, ಪಿನ್ ಹಾಕಿ ತೆಗೆದರು. ವಾಪಸ್ ಕೊಟ್ಟರು.

"ನಿಂದು ನಿನ್ನ ಶೆಡ್‌ನಾಗ ಇರಲಿ. ನಡಿ."

ನಾನು ಬೈಕ್ ಹತ್ತುವಾಗ ಅವರಿಗೆ ಫೋನ್ ಬಂತು. ಗಿರಾಕಿ ನಾಗರಬಾವಿಯವರು. ಸಂಜೆ ಗಾಡಿ ಬೇಕೆಂದು ಜೋರಾಗಿ ಕೇಳುತ್ತಿದ್ದದ್ದು ರಸ್ತೆವರೆಗೆ ಕೇಳಿಸಿತು. ಆ ಗ್ಯಾರೇಜಿನಲ್ಲಿ ಹೇಳಿದ ಹೊತ್ತಿಗೆ ಗಾಡಿ ಕೊಡದೆ ಇದ್ದದ್ದು ನಾನು ನೋಡಿರಲಿಲ್ಲ.

"ಇಲ್ರೀ ಸಾರ್, ಇವತ್ತು ಆಗಂಗಿಲ್ಲ," ಅಂದರು ಯಜಮಾನರು. "ಸ್ಪ್ರಿಂಗ್ ಐತಿ, ನಾನೂ ಅದೀನಿ. ಒತ್ತೋ ಸಾಮಾನಿಲ್ಲ. ನಾಳೆ ತಂದು ಮಾಡ್ತೀನಿ. ಬೈಯೋದಿದ್ರ ಈಗ ಬೈದುಬಿಡ್ರಿ, ಕೇಳ್ತೀನಿ."