ನಾಲ್ಕನೇ ನಂಬರಿನ ಮೊದಲ ಸದ್ದು

ಬೆಳಗಿನ ಐದೂ ಮುಕ್ಕಾಲು. ವಿದ್ಯುತ್ ಉಪಕೇಂದ್ರದ ಅಂಗಳಕ್ಕೆ ಹಾಸಿದ ಜಲ್ಲಿಕಲ್ಲುಗಳ ಮೇಲೆಲ್ಲ ಇಬ್ಬನಿ ಕೂತಿದೆ. ತಲೆಗೆ ಹೆಲ್ಮೆಟ್, ಕಿವಿ ಮುಚ್ಚದ ಹಾಗೆ ಕುತ್ತಿಗೆಗಷ್ಟೇ ಸುತ್ತಿದ ಮಫ್ಲರು, ಕಾಲಿಗೆ ರಬ್ಬರ್ ಬೂಟು. ಐವತ್ತಾರು ವರ್ಷದ ಹೆಂಗಸೊಬ್ಬರು ಬೀರುವಿನಷ್ಟೆತ್ತರದ ಕಬ್ಬಿಣದ ಪೆಟ್ಟಿಗೆಯ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ವ್ಯತ್ಯಾಸ ಇಷ್ಟೇ: ಹಣೆ ಬಿಸಿಯಿದ್ದರೆ ತಾಯಿಗೆ ದಿಗಿಲು, ಪೆಟ್ಟಿಗೆ ತಣ್ಣಗಿದ್ದರೆ ಇವರಿಗೆ ದಿಗಿಲು.

"ಐಸ್ ಆಗ್ಬಿಟ್ಟಿದೆ," ಎನ್ನುತ್ತಾರೆ. ಆದರೆ ಇವತ್ತು ಮುಖದಲ್ಲಿ ಯಾಕೋ ಸಮಾಧಾನ. "ಪರೀಕ್ಷೆಗೆ ಹೇಳಿ ಮಾಡಿಸಿದ ಚಳಿ."

ಜೇಬಿನಲ್ಲಿ ಫೋನು ಗುಂಯ್‌ಗುಡುತ್ತದೆ. ಆ ಕಡೆ ಗಂಡ. ಅವರು ಲೈನ್‌ಮನ್. ಇದೇ ಪೆಟ್ಟಿಗೆಯಿಂದ ಹೊರಡುವ ನಾಲ್ಕನೇ ನಂಬರಿನ ಲೈನಿನ ಕೆಳಗೆ ಸೈಕಲ್ ತುಳಿಯುತ್ತಾ, ಕೊಂಬೆ ತಾಗಿದೆಯೇ, ತಂತಿ ಜೋತಿದೆಯೇ ಎಂದು ನೋಡಿಕೊಂಡು ಬರುವುದು ಅವರ ಬೆಳಗಿನ ಪಾಳಿ.

"ಏನಂತೆ ನಿನ್ನ ನಾಲ್ಕನೇ ನಂಬರು?"

"ಇನ್ನೂ ಮುಸುಕು ಹಾಕ್ಕೊಂಡು ಮಲಗಿದೆ. ನೀವು ಮೊದಲನೇ ಕಂಬದ ಹತ್ರಾನೇ ನಿಂತಿರಿ. ಬಿಸಿಲು ಬರೋವರೆಗೂ ಲೈನ್ ಕೆಳಗೆ ಹೋಗ್ಬೇಡಿ."

"ಅಪ್ಪಣೆ, ಮಹಾರಾಣಿ. ಲೇಟಾಯ್ತು ಅಂತ ಮೇಸ್ತ್ರಿ ಉಗಿದ್ರೆ ನಿನ್ನ ಹೆಸರು ಹೇಳ್ತೀನಿ."

"ಹೇಳಿ, ಹೇಳಿ. ಉಗಿಸ್ಕೊಂಡ್ರೆ ಒರೆಸ್ಕೋಬಹುದು."

ಎರಡು ಚಳಿಗಾಲದಿಂದ ಗಂಡಹೆಂಡಿರ ಬೆಳಗಿನ ಮಾತುಕತೆ ಇದೇ. ಉಪಕೇಂದ್ರದಲ್ಲಿ ಇವರನ್ನು ಎಲ್ಲರೂ 'ಹವಾಮಾನದಕ್ಕ' ಎನ್ನುತ್ತಾರೆ. ಹುದ್ದೆ ಮೆಕ್ಯಾನಿಕ್. ಇಪ್ಪತ್ತೊಂಬತ್ತು ವರ್ಷದ ಸೇವೆ. ಹನ್ನೊಂದು ಬ್ರೇಕರುಗಳು ಇವರ ಸುಪರ್ದಿನಲ್ಲಿವೆ. ಬ್ರೇಕರ್ ಎಂದರೆ ಮನೆಯ ಫ್ಯೂಸಿನ ದೊಡ್ಡಣ್ಣ. ತಂತಿ ಕಡಿದು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಲೈನಿನ ಕರೆಂಟನ್ನು ಕಡಿಯಬೇಕು. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಸುಮ್ಮನೆ ನಿಲ್ಲುವುದೇ ಅದರ ಕೆಲಸ. ಉಳಿದ ಐದು ದಿನವೂ ಸುಮ್ಮನೆ ನಿಂತಿತೋ, ಕೆಲಸ ಕೆಟ್ಟಿತು.

ದಿನಕ್ಕೆ ಎರಡು ಸುತ್ತು, ಸುತ್ತಿಗೆ ಹನ್ನೊಂದು ಬಾಗಿಲು. ಬಾಗಿಲು ತೆಗೆದು ಒಳಗಿನ ಪುಟ್ಟ ಹೀಟರ್ ಉರಿಯುತ್ತಿದೆಯೇ ನೋಡಬೇಕು, ಮೂಲೆಗೆ ಮೂಗಿಟ್ಟು ತೇವದ ವಾಸನೆ ಹಿಡಿಯಬೇಕು, ಇರುವೆ ಮತ್ತು ಹಲ್ಲಿಗಳ ಯೋಗಕ್ಷೇಮ ವಿಚಾರಿಸಿ ಹೊರಗೆ ಕಳಿಸಬೇಕು. "ಎಲ್ಲದಕ್ಕೂ ಒಂದೊಂದು ಕಾಯಿಲೆ," ಎಂದು ಅಕ್ಕ ಬೆರಳು ಮಡಚುತ್ತಾರೆ. "ರಸ್ತೆ ಕಡೆ ಇರೋ ಒಂದನೇದಕ್ಕೆ ಧೂಳಾಗಲ್ಲ. ಕೆರೆ ಕಡೆ ಏಳನೇದಕ್ಕೆ ಶೀತ, ಒಳಗೆಲ್ಲ ಬೆವರು. ಒಂಬತ್ತನೇದಕ್ಕೆ ಬಿಸಿಲು ಆಗಲ್ಲ, ಅದರ ರಬ್ಬರೆಲ್ಲ ಬಿರುಕು ಬಿಡುತ್ತೆ. ಈ ನಾಲ್ಕನೇದು ಇದೆಯಲ್ಲ, ಇದಕ್ಕೆ ಚಳಿ. ಹಳೇ ಗ್ರೀಸು ಚಳಿಗೆ ಮೇಣದ ಥರ ಹೆಪ್ಪುಗಟ್ಟುತ್ತೆ. ಸ್ಪ್ರಿಂಗು ಎದ್ದೇಳು ಅನ್ನುತ್ತೆ, ಗ್ರೀಸು ಇನ್ನೈದು ನಿಮಿಷ ಅನ್ನುತ್ತೆ."

ಅಷ್ಟಕ್ಕೇ ನಿಲ್ಲಿಸದೆ ಬ್ರೇಕರುಗಳ ಅಣಕವನ್ನೂ ಮಾಡಿ ತೋರಿಸುತ್ತಾರೆ. ಗಟ್ಟಿಮುಟ್ಟಾದ ಬ್ರೇಕರಿಗೆ ಆಜ್ಞೆ ಸಿಕ್ಕಾಗ, ಸ್ಪ್ರಿಂಗಿನ ಕೊಂಡಿ ಕಳಚುವ ತಂತಿಸುರುಳಿ, ಅಂದರೆ ಕಾಯಿಲಿನ 'ಟಿಕ್' ಮತ್ತು ಸ್ಪ್ರಿಂಗಿನ 'ಢಪ್' ಒಂದರ ಮೈಮೇಲೊಂದು ಬಿದ್ದು 'ಟಿಢಪ್' ಎಂದು ಕೇಳುತ್ತದಂತೆ. ನಾಲ್ಕನೆಯದು? ಅಕ್ಕ ಕಣ್ಣು ಅರೆ ಮುಚ್ಚಿ, ಮೈ ಮುರಿದು, "ಟಿಕ್... ಢಪ್ಪಾ," ಎಂದು ಆಕಳಿಸುತ್ತಾರೆ. ಪಾಳಿಯ ನೌಕರರು ನಗುತ್ತಾರೆ. ಅಕ್ಕ ನಗುವುದಿಲ್ಲ. ಆ ಟಿಕ್‌ಗೂ ಢಪ್‌ಗೂ ನಡುವಿನ ಸಂದು ಎಷ್ಟು ಅಪಾಯದ್ದು ಎಂಬುದು ಅವರ ಮನೆಯಲ್ಲೇ ಇದೆ, ಗಂಡನ ಎಡಗೈಯಲ್ಲಿ.

ಆಗ ಅಕ್ಕ ಕೆಲಸಕ್ಕೆ ಸೇರಿ ಎಂಟು ತಿಂಗಳು. ಬ್ರೇಕರೊಂದರ ಪೆಟ್ಟಿಗೆಯ ತಳದಲ್ಲಿ ನಾಣ್ಯದಗಲದ ತೂತೊಂದಿತ್ತು. ಅದರಿಂದ ಧೂಳು ಬರುತ್ತದೆ, ಇರುವೆ ಬರುತ್ತದೆ ಎಂದು ಹೊಸ ಹುರುಪಿನ ಈ ಮೆಕ್ಯಾನಿಕ್ ಅಚ್ಚುಕಟ್ಟಾಗಿ ಪುಟ್ಟಿ ಮೆತ್ತಿ ಮುಚ್ಚಿದರು. "ಕೂಸಿಗೆ ಕುಲಾವಿ ಕಟ್ಟಿದ ಹಾಗೆ ಮುಚ್ಚಿದ್ದೆ. ಎಲ್ಲರೂ ಭೇಷ್ ಅಂದ್ರು," ಎನ್ನುತ್ತಾರೆ. ತೂತು ಇದ್ದದ್ದು ಉಸಿರಾಟಕ್ಕೆ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಪ್ರತಿ ಬೆಳಗ್ಗೆ ಹನಿಯಾಗಿ ಇಳಿಯಿತು, ಕಾಯಿಲಿನ ಕಡ್ಡಿ ತುಕ್ಕು ಹಿಡಿಯಿತು. ಒಂದು ದಿನ ಕೊಂಬೆಯೊಂದು ಲೈನಿನ ಮೇಲೆ ಬಿತ್ತು. ಬ್ರೇಕರ್ ಕರೆಂಟು ಕಡಿಯಲಿಲ್ಲ. ಹಿಂದಿನ ದೊಡ್ಡ ಬ್ರೇಕರ್ ಎಚ್ಚೆತ್ತು ಕರೆಂಟು ಕಡಿಯುವ ಹೊತ್ತಿಗೆ ಅರ್ಧ ಸೆಕೆಂಡು ಕಳೆದಿತ್ತು. ಬೀಳುವಂತಿದ್ದ ಆ ಕೊಂಬೆಯನ್ನು ನೋಡಲು ಆಗಲೇ ಹೋಗಿದ್ದ ಲೈನ್‌ಮನ್ ಒಬ್ಬರ ಕೈ ಆ ಅರ್ಧ ಸೆಕೆಂಡಿನ ಕಿಡಿಗೆ ಸುಟ್ಟಿತು. ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ಅಕ್ಕ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತು, "ತೂತು ಮುಚ್ಚಿದ್ದು ನಾನು," ಎಂದುಬಿಟ್ಟರು. ಆತ, "ಕೆಟ್ಟದಾಗಲಿ ಅಂತ ಮುಚ್ಚಿಲ್ವಲ್ಲ. ನಾಳೇನೂ ಬನ್ನಿ, ಇಲ್ಲಿ ಮಾತಿಗೆ ಯಾರೂ ಇಲ್ಲ," ಎಂದರಂತೆ. ನಾಳೆ ಹೋದರು, ನಾಡಿದ್ದು ಹೋದರು. "ಲೈನ್‌ಮನ್ ಆದವನು ಲೈನ್ ಹೊಡೀದೇ ಬಿಡ್ತಾನಾ?" ಎಂದು ಅಕ್ಕ ಕೆನ್ನೆ ಕೆಂಪಾಗಿಸಿಕೊಳ್ಳುತ್ತಾರೆ. ಗಂಡನದು ಇನ್ನೊಂದು ಪಾಠ: "ಎರಡು ಬೆರಳು ಕೊಟ್ಟೆ, ಇಡೀ ಕೈ ಹಿಡಿದ್ಲು. ಲಾಭ ನಂದೇ." ಕಾಲೇಜು ಮುಗಿಸಿರುವ ಮಗಳ ಕೊರಗು ಬೇರೆ: "ಊರಲ್ಲಿ ಎಲ್ಲರ ಮನೆಯವರೂ ಟ್ರಿಪ್ ಹೋಗ್ತಾರೆ. ನಮ್ಮನೇಲಿ ಬರೀ ಬ್ರೇಕರ್ ಟ್ರಿಪ್ ಆಗಿದ್ದರ ಸುದ್ದಿ."

ಈಗ ನಾಲ್ಕನೆಯ ಬ್ರೇಕರ್ ತಡಮಾಡುತ್ತದೆ, ಅದರ ಲೈನಿನ ಕೆಳಗೆ ಓಡಾಡುವುದು ಅದೇ ಮನುಷ್ಯ. ಅಕ್ಕ ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಮೇಲಿನವರು ಪರೀಕ್ಷೆ ಮಾಡದೆ ಇರಲಿಲ್ಲ. ನಾಲ್ಕು ಸಲ ಮಾಡಿದರು, ನಾಲ್ಕೂ ಸಲ ಪಾಸು. ಮಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಬಿಸಿಲು ಪೆಟ್ಟಿಗೆಯನ್ನು ಚೆನ್ನಾಗಿ ಕಾಯಿಸಿದ ಮೇಲೆ. "ರಿಪೋರ್ಟು ಓಕೆ ಇದೆಯಲ್ಲಮ್ಮಾ," ಎಂದು ಅಕ್ಕ ಎಂಜಿನಿಯರರ ದನಿಯಲ್ಲೇ ಹೇಳಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸುತ್ತಾರೆ. "ಬೆಳಗ್ಗೆ ಆರಕ್ಕೆ ಬನ್ನಿ ಸಾರ್ ಅಂದೆ. ಆಫೀಸು ತೆಗೆಯೋದೇ ಹತ್ತಕ್ಕೆ ಅಂದ್ರು. ತಂತಿಗೆ ಗೊತ್ತಾಗುತ್ತಾ ಸಾರ್ ಆಫೀಸ್ ಟೈಮು, ಅಂದೆ." ಆ ಮಾತು ನಾಟಿರಬೇಕು. ಅದಕ್ಕೇ ಇವತ್ತು ಎಂಜಿನಿಯರು ಬರುತ್ತಿದ್ದಾರೆ.

ಆರಕ್ಕೆ ಐದು ನಿಮಿಷವಿರುವಾಗ ಕನ್ನಡಕದ ಗಾಜು ಒರೆಸಿಕೊಳ್ಳುತ್ತಾ ಅವರು ಜೀಪಿನಿಂದ ಇಳಿಯುತ್ತಾರೆ. ಲೈನಿನ ಹೊರೆಯನ್ನು ಪಕ್ಕದ ಲೈನಿಗೆ ದಾಟಿಸಿದ್ದಾಗಿದೆ, ಯಾರ ಮನೆಯ ದೀಪವೂ ಆರುವುದಿಲ್ಲ. ಕಾಯಿಲಿನ ತಂತಿಗೆ ಕ್ಲಿಪ್ಪು ಸಿಕ್ಕಿಸಿ, ಊಟದ ಡಬ್ಬಿಯಷ್ಟಿರುವ ಅಳತೆ ಪೆಟ್ಟಿಗೆಯನ್ನು ಚಾಲೂ ಮಾಡುತ್ತಾರೆ. ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅರವತ್ತು ಚೂರಿನೊಳಗೆ ಬ್ರೇಕರ್ ಕರೆಂಟು ಕಡಿಯಬೇಕು. ಎಂಜಿನಿಯರರ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಗುತ್ತದೆ. "ಒಂದ್ಸಲ ಆಫ್ ಮಾಡಿ, ಆನ್ ಮಾಡಿ, ಸಡಿಲ ಮಾಡ್ಕೊಂಡು ಆಮೇಲೆ ಅಳೆಯೋಣ."

ಅಕ್ಕ ಅವರ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾರೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೇಲಧಿಕಾರಿಯ ಕೈ ಹಿಡಿದದ್ದು ಇದೇ ಮೊದಲು.

"ಕೈ ತೆಗೀರಿ ಸಾರ್. ಮೊದಲನೇ ಸದ್ದೇ ಅಳೀಬೇಕು. ಕೊಂಬೆ ಬೀಳೋ ಮುಂಚೆ ಯಾರು ಬಂದು ಸಡಿಲ ಮಾಡ್ತಾರೆ?"

ಎಂಜಿನಿಯರು ಅಕ್ಕನ ಮುಖ ನೋಡುತ್ತಾರೆ. ತಲೆಯಾಡಿಸಿ ಅಳತೆ ಪೆಟ್ಟಿಗೆಯ ಗುಂಡಿಯನ್ನಷ್ಟೇ ಒತ್ತುತ್ತಾರೆ.

ಟಿಕ್... ಢಪ್.

ತೊಂಬತ್ತೊಂದು. ಎಂಜಿನಿಯರು ನಂಬದೆ ಮತ್ತೊಮ್ಮೆ ಒತ್ತುತ್ತಾರೆ: ಐವತ್ತೇಳು. ಮತ್ತೂ ಒಮ್ಮೆ: ಐವತ್ತೆರಡು. ಪರದೆಯನ್ನೇ ನೋಡುತ್ತಾ ಮೆಲ್ಲಗೆ ಕೇಳುತ್ತಾರೆ, "ಇಷ್ಟು ವರ್ಷ ಮಧ್ಯಾಹ್ನ ನಾವು ಬರ್ಕೊಂಡಿದ್ದು ಈ ಎರಡನೇದು, ಮೂರನೇದು ಮಾತ್ರಾನಾ ಅಕ್ಕಾ?"

"ಹೂಂ ಸಾರ್. ಎಬ್ಬಿಸಿ, ಮುಖ ತೊಳೆಸಿ, ಆಮೇಲೆ ಬೇಗ ಏಳ್ತೀಯಾ ಅಂತ ಕೇಳ್ತಿದ್ವಿ."

'ಅಮ್ಮಾ' ಹೋಗಿ 'ಅಕ್ಕಾ' ಆದದ್ದನ್ನು ಇಬ್ಬರೂ ಗಮನಿಸಿದಂತಿಲ್ಲ.

ಅದೇ ದಿನ ನಾಲ್ಕನೆಯ ಬ್ರೇಕರಿಗೆ ರಜೆ ಸಿಗುತ್ತದೆ. ಎಂಟು ದಿನ ಅಕ್ಕ ಅದರ ಕೀಲು ಕೀಲನ್ನೂ ಬಿಚ್ಚುತ್ತಾರೆ. ಜೇನುಮೇಣದ ಬಣ್ಣಕ್ಕೆ ತಿರುಗಿದ ಗ್ರೀಸನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು, ಚಳಿಗೆ ಹೆಪ್ಪುಗಟ್ಟದ ಹೊಸ ಗ್ರೀಸನ್ನು ಕಾಡಿಗೆ ತೀಡಿದಷ್ಟೇ ತೆಳುವಾಗಿ ಹಚ್ಚುತ್ತಾರೆ. ಎಷ್ಟು ಸಲ ಬರೆದರೂ ಬಾರದಿದ್ದ ಹೊಸ ಹೀಟರ್ ಬಂದು, ಸುಟ್ಟುಹೋಗಿದ್ದದ್ದು ಬದಲಾಗುತ್ತದೆ. ಕೊನೆಗೆ ಮೊಣಕಾಲೂರಿ ತಳದ ತೂತಿಗೆ ಕಡ್ಡಿ ಹಾಕಿ, ಗಾಳಿಯಾಡುತ್ತದೆಯೇ ಎಂದು ಊದಿ ನೋಡುತ್ತಾರೆ.

ಜೋಡಿಸಿದ ಕೂಡಲೇ ಪರೀಕ್ಷೆಗೆ ಒಪ್ಪುವುದಿಲ್ಲ. "ಹತ್ತು ದಿನ ಯಾರೂ ಮುಟ್ಬೇಡಿ. ಮಲಗಿ ಅಭ್ಯಾಸ ಆಗ್ಲಿ."

ಹನ್ನೊಂದನೆಯ ಬೆಳಗ್ಗೆ ಚಳಿ ಇನ್ನೂ ಜೋರು. ಎಂಜಿನಿಯರು ತಮ್ಮ ಕೈಯನ್ನೇ ನಂಬದೆ ಎರಡನ್ನೂ ಜೇಬಿನಲ್ಲಿ ತುರುಕಿಕೊಂಡಿದ್ದಾರೆ. ಗುಂಡಿ ಒತ್ತುವುದು ಅಕ್ಕ.

ಟಿಢಪ್!

ನಲವತ್ತಾರು. ಎಂಜಿನಿಯರು ಚಪ್ಪಾಳೆ ತಟ್ಟಲು ಹೋಗಿ, ಕೈಗಳು ಜೇಬಿನಲ್ಲೇ ಸಿಕ್ಕಿಕೊಂಡು ತಡಬಡಿಸುತ್ತಾರೆ. ಉಳಿದ ಹತ್ತನ್ನೂ ಬೆಳಗಿನ ಹೊತ್ತೇ, ಮೊದಲ ಸದ್ದಿನಲ್ಲೇ ಅಳೆಯುವುದೆಂದು ಅಲ್ಲೇ ತೀರ್ಮಾನವಾಗುತ್ತದೆ. "ಮೇಲಿನವರಿಗೆ ಬರೀತೀನಿ. ನಿಮಗೇನು ಬೇಕು ಹೇಳಿ ಅಕ್ಕಾ, ಪ್ರಶಸ್ತಿಪತ್ರಕ್ಕೆ ಶಿಫಾರಸು ಮಾಡ್ಲಾ?"

"ಪತ್ರ ತಗೊಂಡು ಏನ್ಮಾಡ್ಲಿ ಸಾರ್, ಗೋಡೆಗೆ ಹಾಕಿದ್ರೆ ಅದಕ್ಕೂ ತೇವ ಹಿಡಿಯುತ್ತೆ. ಟೆಸ್ಟ್ ಫಾರಮ್ಮಲ್ಲಿ ಒಂದು ಕಾಲಂ ಜಾಸ್ತಿ ಹಾಕ್ಸಿ, ಸಾಕು. ಎಷ್ಟು ಗಂಟೆ, ಚಳಿನಾ ಬಿಸಿಲಾ, ಎಷ್ಟನೇ ಸದ್ದು. ನಾನು ರಿಟೈರ್ ಆದ್ಮೇಲೂ ಬರೋರು ಕೇಳ್ಕೋಬೇಕು."

ಎಂಜಿನಿಯರು ಫಾರಮ್ಮು ತೆಗೆದು, ಬದಿಯ ಖಾಲಿ ಜಾಗದಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಅಕ್ಕನ ಮುಂದೆ ಹಿಡಿಯುತ್ತಾರೆ. ಅಕ್ಕ ಕೈ ಒರೆಸಿಕೊಂಡು ಬರೆಯುತ್ತಾರೆ: ಬೆಳಗ್ಗೆ ಆರು. ಚಳಿ, ಇಬ್ಬನಿ. ಮೊದಲನೇ ಸದ್ದು.

ಫೋನು ಗುಂಯ್‌ಗುಡುತ್ತದೆ. ಮೊದಲನೆಯ ಕಂಬದ ಹತ್ತಿರ ಸೈಕಲ್ ಹಿಡಿದು ನಿಂತವರ ದನಿ.

"ಏನಂತು?"

ಅಕ್ಕ ಫೋನಿಗೆ ಬಾಯಿಟ್ಟು, "ಟಿಢಪ್," ಎನ್ನುತ್ತಾರೆ.

ಆ ಕಡೆ ಸೈಕಲ್ಲಿನ ಸ್ಟ್ಯಾಂಡು ಮೇಲೇರಿದ ಸದ್ದು.

"ಸರಿ ಹಾಗಾದ್ರೆ. ನಾನು ಮುಂದಕ್ಕೆ ಹೋಗ್ತೀನಿ."